ಪಾಸ್‌ವರ್ಡ್ ಸರಿಯಿದ್ದರೂ ‘ಆಕ್ಸೆಸ್ ಡಿನೈಡ್’ ಏಕೆ? ಸಮಾಜದ ದಾಖಲೆ ಕಂಪ್ಯೂಟರಿನಲ್ಲಿ ತಂತ್ರಾಂಶಗಳ ತಿಕ್ಕಾಟ ಮತ್ತು ಪರಿಹಾರ

ಸಕಲೇಶಪುರ, ಆಲೂರು ಕಡೆಯ ಮಳೆಗಾಲದ ಬಗ್ಗೆ ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಸರಿಯಾಗಿ ಬಿಡುವುದಿಲ್ಲ. ಎಲ್ಲೋ ಒಂದು ಮರ ತಂತಿಯ ಮೇಲೆ ಬಿದ್ದರೆ ಕರೆಂಟು ಎಷ್ಟು ಹೊತ್ತಿಗೆ ಬರುತ್ತದೆಂದು ಯಾರೂ ಹೇಳಲಾರರು. ಚಾತುರ್ಮಾಸ ಬರುವುದೂ ಇದೇ ತಿಂಗಳುಗಳಲ್ಲಿ. ಪರ್ಯೂಷಣ, ದಶಲಕ್ಷಣ ಪರ್ವದ ಪೂಜೆ, ಆಹಾರದಾನದ ಸರದಿ, ದೇಣಿಗೆ ಎಂದು ಬಸದಿ ಹಾಗೂ ಸಮಾಜದ ಲೆಕ್ಕಕ್ಕೆ ಹೆಚ್ಚು ಕೆಲಸ ಬೀಳುವ ಕಾಲವೂ ಇದೇ. ಇಂಥ ದಿನ ಕಂಪ್ಯೂಟರ್ ತೆರೆದಾಗ ‘ಆಕ್ಸೆಸ್ ಡಿನೈಡ್’ ಎಂಬ ಸಾಲು ಕಂಡರೆ ಸ್ವಯಂಸೇವಕರ ಕೈ ಕಟ್ಟಿಹಾಕಿದಂತೆ ಆಗುತ್ತದೆ.

ಸಣ್ಣ ಊರುಗಳಲ್ಲಿ ಸಮಾಜಕ್ಕೆಂದೇ ಬೇರೆ ಕಂಪ್ಯೂಟರ್ ಇರುವುದು ಅಪರೂಪ. ಕಾಫಿ, ಕಾಳುಮೆಣಸು, ಏಲಕ್ಕಿ ವ್ಯಾಪಾರ ಮಾಡುವ ಯಾರಾದರೊಬ್ಬರ ಅಂಗಡಿಯ ಕಂಪ್ಯೂಟರಿನಲ್ಲೇ ಸಮಾಜದ ಡೈರೆಕ್ಟರಿಯೂ ಇರುತ್ತದೆ. ಅದರಲ್ಲೇ ಅಂಗಡಿಯ ಬಿಲ್ಲಿಂಗ್ ತಂತ್ರಾಂಶ, ಆಂಟಿವೈರಸ್, ಮಕ್ಕಳು ಕಾಲೇಜಿನ ಪ್ರಾಜೆಕ್ಟಿಗೆಂದು ಹಾಕಿಕೊಂಡ ಇನ್ನೊಂದು ತಂತ್ರಾಂಶ. ತೊಂದರೆ ಹುಟ್ಟುವುದು ಇಲ್ಲಿಯೇ. ಡೇಟಾಬೇಸ್ ಕೆಟ್ಟಿರುವುದಿಲ್ಲ, ಪಾಸ್‌ವರ್ಡ್ ಮರೆತಿರುವುದೂ ಇಲ್ಲ. ಒಂದು ತಂತ್ರಾಂಶದ ದಾರಿಗೆ ಮತ್ತೊಂದು ಅಡ್ಡ ಬಂದಿರುತ್ತದೆ.

ಈ ದಾಖಲೆಗಳು ಸಣ್ಣವಲ್ಲ. ಕುಟುಂಬಗಳ ಹೆಸರು, ಫೋನ್ ನಂಬರ್, ರಕ್ತದ ಗುಂಪು, ವಧುವರರ ವಿವರ, ದೇಣಿಗೆಯ ರಸೀದಿ ಎಲ್ಲವೂ ಅದರಲ್ಲಿರುತ್ತವೆ. 80ಜಿ ಮಾನ್ಯತೆ ಪಡೆದ ಟ್ರಸ್ಟುಗಳು 2021-22ನೇ ಹಣಕಾಸು ವರ್ಷದಿಂದ ದಾನಿಗಳ ವಿವರವನ್ನು 10ಬಿಡಿ ನಮೂನೆಯಲ್ಲಿ ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಬೇಕಾಗಿ ಬಂತು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ದಾಖಲೆ ಕೈಗೆ ಸಿಗದಿದ್ದರೆ ನಷ್ಟ ಟ್ರಸ್ಟಿಗೂ ಹೌದು, ರಸೀದಿಗಾಗಿ ಕಾಯುವ ದಾನಿಗೂ ಹೌದು.

ಇಂಥ ಕೆಲಸಗಳಿಗೆ ಹೆಚ್ಚಾಗಿ ಬಳಕೆಯಲ್ಲಿರುವುದು ಮೈಎಸ್‌ಕ್ಯೂಎಲ್ ಮತ್ತು ಅದರಿಂದಲೇ 2009ರಲ್ಲಿ ಕವಲೊಡೆದ ಮಾರಿಯಾಡಿಬಿ. ಎರಡಕ್ಕೂ ಹಣ ಕೊಡಬೇಕಾಗಿಲ್ಲ. ಕೆಳಗಿನ ವಿವರಣೆ ಈ ಎರಡಕ್ಕೆ ಸಂಬಂಧಿಸಿದ್ದು.

ಡೇಟಾಬೇಸ್ ಅನುಮತಿ ಎಂದರೇನು?

ಒಂದು ಗೋದಾಮನ್ನು ಕಣ್ಣ ಮುಂದೆ ತಂದುಕೊಂಡರೆ ಸುಲಭ. ಗೋದಾಮಿನ ಕಾವಲುಗಾರ ಮೂರು ಪ್ರಶ್ನೆ ಕೇಳುತ್ತಾನೆ. ನೀನು ಯಾರು? ಎಲ್ಲಿಂದ ಬಂದೆ? ಒಳಗೆ ಏನು ಮಾಡಬೇಕು? ಡೇಟಾಬೇಸ್ ಸರ್ವರ್ ಕೇಳುವುದೂ ಇಷ್ಟನ್ನೇ. ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಮೊದಲನೆಯದಕ್ಕೆ ಉತ್ತರ. ಯಾವ ಕಂಪ್ಯೂಟರಿನಿಂದ ಬಂದದ್ದು ಎಂಬುದು ಎರಡನೆಯದಕ್ಕೆ. ಓದುವುದು, ಸೇರಿಸುವುದು, ತಿದ್ದುವುದು, ಅಳಿಸುವುದು, ಇವುಗಳಲ್ಲಿ ಯಾವುದಕ್ಕೆ ಅನುಮತಿ ಇದೆ ಎಂಬುದು ಮೂರನೆಯದಕ್ಕೆ.

ಹೆಚ್ಚಿನವರು ಎರಡನೆಯ ಪ್ರಶ್ನೆಯನ್ನು ಮರೆಯುತ್ತಾರೆ. ಮೈಎಸ್‌ಕ್ಯೂಎಲ್‌ನಲ್ಲಿ ಹೆಸರು ಒಂದೇ ಆದರೂ ಬಂದ ಜಾಗ ಬೇರೆಯಾದರೆ ಖಾತೆಯೂ ಬೇರೆ. ಅದೇ ಕಂಪ್ಯೂಟರಿನಲ್ಲಿ ಕುಳಿತ ‘ಕಾರ್ಯದರ್ಶಿ’ಗೆ ಕೊಟ್ಟ ಅನುಮತಿ ಪಕ್ಕದ ಕೋಣೆಯ ಕಂಪ್ಯೂಟರಿನಿಂದ ಬಂದ ‘ಕಾರ್ಯದರ್ಶಿ’ಗೆ ತಾನಾಗಿ ಸಿಗುವುದಿಲ್ಲ.

ಮೊದಲು ದೋಷದ ಸಂಖ್ಯೆಯನ್ನು ಓದಿ

ಗಾಬರಿಯಲ್ಲಿ ಪಾಸ್‌ವರ್ಡ್ ಬದಲಿಸಲು ಹೋಗಬಾರದು. ಪರದೆಯ ಮೇಲೆ ಬಂದ ಸಂದೇಶದ ಫೋಟೋ ತೆಗೆದು ಅದರಲ್ಲಿರುವ ಸಂಖ್ಯೆಯನ್ನು ನೋಡಬೇಕು. ಅರ್ಧ ಉತ್ತರ ಅಲ್ಲಿಯೇ ಇರುತ್ತದೆ.

- 2002 ಅಥವಾ 2003: ಬಾಗಿಲೇ ಸಿಕ್ಕಿಲ್ಲ. ಸರ್ವರ್ ಚಾಲೂ ಆಗಿಲ್ಲ, ಪೋರ್ಟ್ ಬೇರೆ ಇದೆ ಅಥವಾ ಫೈರ್‌ವಾಲ್ ತಡೆದಿದೆ.
- 1130: ಈ ವಿಳಾಸದಿಂದ ಬಂದವರಿಗೆ ಪ್ರವೇಶವೇ ಇಲ್ಲ.
- 1045: ಹೆಸರು, ವಿಳಾಸ, ಪಾಸ್‌ವರ್ಡ್ ಮೂರೂ ಈ ಸರ್ವರಿನ ಖಾತೆಗೆ ಹೊಂದುತ್ತಿಲ್ಲ.
- 1044: ಒಳಗೆ ಬಿಟ್ಟಿದ್ದಾರೆ, ಆದರೆ ಈ ಡೇಟಾಬೇಸಿಗೆ ಅನುಮತಿ ಇಲ್ಲ.
- 1142: ಡೇಟಾಬೇಸ್ ಸರಿ, ಈ ಪಟ್ಟಿಯಲ್ಲಿ ಈ ಕೆಲಸಕ್ಕೆ ಅನುಮತಿ ಇಲ್ಲ.
- 1251 ಅಥವಾ 2059: ಪಾಸ್‌ವರ್ಡ್ ಪರಿಶೀಲಿಸುವ ವಿಧಾನ ಹಳೆಯ ತಂತ್ರಾಂಶಕ್ಕೆ ತಿಳಿಯುತ್ತಿಲ್ಲ.
- 1449: ಒಂದು ವ್ಯೂ ಅಥವಾ ಪ್ರೊಸೀಜರ್ ತಯಾರಿಸಿದ ಹಳೆಯ ಬಳಕೆದಾರರ ಖಾತೆಯನ್ನು ಯಾರೋ ಅಳಿಸಿದ್ದಾರೆ.

1044 ಮತ್ತು 1142 ನಿಜವಾದ ಅನುಮತಿಯ ಕೊರತೆ. ಉಳಿದವುಗಳಲ್ಲಿ, ಅದರಲ್ಲೂ 1045ರಲ್ಲಿ, ಇನ್ನೊಂದು ತಂತ್ರಾಂಶದ ಕೈವಾಡ ಇರಬಹುದು.

ಒಂದೇ ಬಾಗಿಲಿಗೆ ಇಬ್ಬರು ಯಜಮಾನರು

ಉದಾಹರಣೆಗೆ, ಸಮಾಜದ ಡೈರೆಕ್ಟರಿ ‘ಕ್ಸಾಂಪ್’ ಎಂಬ ಉಚಿತ ಪ್ಯಾಕೇಜಿನಲ್ಲಿ ನಡೆಯುತ್ತಿದೆ ಎಂದುಕೊಳ್ಳಬಹುದು. ಅದರ ಫಲಕದಲ್ಲಿ ‘ಮೈಎಸ್‌ಕ್ಯೂಎಲ್’ ಎಂಬ ಬಟನ್ ಇದ್ದರೂ 2015ರ ಕೊನೆಯಿಂದ ಒಳಗೆ ಓಡುವುದು ಮಾರಿಯಾಡಿಬಿ. ಅದೇ ಕಂಪ್ಯೂಟರಿಗೆ ಅಂಗಡಿಯವರು ಹೊಸ ಬಿಲ್ಲಿಂಗ್ ತಂತ್ರಾಂಶ ಹಾಕಿಸುತ್ತಾರೆ. ಅದು ತನ್ನ ಜೊತೆ ತನ್ನದೇ ಮೈಎಸ್‌ಕ್ಯೂಎಲ್ ತರುತ್ತದೆ. ಎರಡೂ ಸರ್ವರುಗಳು ಕೇಳುವುದು ಒಂದೇ ಪೋರ್ಟ್, 3306.

ಒಂದು ಪೋರ್ಟಿನಲ್ಲಿ ಹೀಗೆ ಒಂದೇ ಸರ್ವರ್ ಕುಳಿತುಕೊಳ್ಳಬಲ್ಲದು. ಮೊದಲು ಎದ್ದವರಿಗೆ ಜಾಗ. ಕಂಪ್ಯೂಟರನ್ನು ಆರಿಸದೆ ಇಟ್ಟಿರುವವರೆಗೆ ಡೈರೆಕ್ಟರಿಯ ಸರ್ವರ್ ಮೊದಲೇ ಕುಳಿತಿದ್ದರಿಂದ ಎಲ್ಲವೂ ಸರಿಯಾಗಿತ್ತು. ರಾತ್ರಿ ಕರೆಂಟು ಹೋಗಿ ಯುಪಿಎಸ್ ಬ್ಯಾಟರಿಯೂ ಮುಗಿದು ಬೆಳಿಗ್ಗೆ ಹೊಸದಾಗಿ ಚಾಲೂ ಮಾಡಿದಾಗ ಬಿಲ್ಲಿಂಗ್‌ನ ಸರ್ವರ್ ವಿಂಡೋಸ್ ಸರ್ವಿಸ್ ಆಗಿ ತಾನಾಗಿ ಮೊದಲು ಎದ್ದುಬಿಟ್ಟಿತು. ಡೈರೆಕ್ಟರಿ ಹಳೆಯ ಅಭ್ಯಾಸದಂತೆ 3306ರ ಬಾಗಿಲು ಬಡಿಯಿತು. ಒಳಗಿರುವುದು ಬೇರೆ ಮನೆಯವರು. ಅವರ ಪಟ್ಟಿಯಲ್ಲಿ ಈ ಹೆಸರೇ ಇಲ್ಲ. ಉತ್ತರ: 1045, ಆಕ್ಸೆಸ್ ಡಿನೈಡ್.

‘ನಿನ್ನೆ ಸರಿಯಾಗಿತ್ತು, ಇವತ್ತು ಯಾರೂ ಏನೂ ಮುಟ್ಟಿಲ್ಲ’ ಎಂಬ ದೂರಿಗೆ ಇದು ಮೊದಲು ನೋಡಬೇಕಾದ ಕಾರಣ. ಪರೀಕ್ಷಿಸುವ ಕ್ರಮ ಹೀಗಿದೆ.

1. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಡೀಟೇಲ್ಸ್ ವಿಭಾಗದಲ್ಲಿ ‘ಮೈಎಸ್‌ಕ್ಯೂಎಲ್‌ಡಿ’ ಅಥವಾ ‘ಮಾರಿಯಾಡಿಬಿಡಿ’ ಎಷ್ಟಿವೆ ಎಂದು ಎಣಿಸಬೇಕು. ಅವು ಯಾವ ಫೋಲ್ಡರಿನಿಂದ ಓಡುತ್ತಿವೆ ಎಂಬುದೂ ಅಲ್ಲಿಯೇ ತಿಳಿಯುತ್ತದೆ.
2. ಕಮಾಂಡ್ ಪ್ರಾಂಪ್ಟಿನಲ್ಲಿ ‘ನೆಟ್‌ಸ್ಟ್ಯಾಟ್’ ಆದೇಶವನ್ನು ಎ, ಎನ್, ಓ ಆಯ್ಕೆಗಳೊಂದಿಗೆ ಕೊಟ್ಟರೆ 3306ರ ಎದುರು ಒಂದು ಸಂಖ್ಯೆ ಕಾಣುತ್ತದೆ. ಟಾಸ್ಕ್ ಮ್ಯಾನೇಜರಿನ ಪಿಐಡಿ ಸಂಖ್ಯೆಯೊಂದಿಗೆ ತಾಳೆ ನೋಡಿದರೆ ಬಾಗಿಲಲ್ಲಿ ಕುಳಿತವರು ಯಾರೆಂದು ಗೊತ್ತಾಗುತ್ತದೆ.
3. ಯಾವುದಾದರೂ ಖಾತೆಯಿಂದ ಒಳಗೆ ಹೋಗಲು ಸಾಧ್ಯವಾದರೆ ಸರ್ವರಿನ ವರ್ಷನ್, ಪೋರ್ಟ್ ಮತ್ತು ಡೇಟಾ ಫೋಲ್ಡರ್ ಯಾವುದೆಂದು ಸೆಲೆಕ್ಟ್ ಆದೇಶದಿಂದ ಕೇಳಬಹುದು. ಇದರಲ್ಲಿ ಊಹೆಗೆ ಜಾಗವಿಲ್ಲ.

ಪರಿಹಾರವೆಂದರೆ ಒಬ್ಬರಿಗೆ ಬೇರೆ ಬಾಗಿಲು ಕೊಡುವುದು. ಬಿಲ್ಲಿಂಗ್ ತಂತ್ರಾಂಶವನ್ನು ಕಂಪನಿಯವರು ಕೂರಿಸಿರುವುದರಿಂದ ಅದನ್ನು ಮುಟ್ಟದಿರುವುದು ಒಳ್ಳೆಯದು. ಡೈರೆಕ್ಟರಿಯ ಸರ್ವರನ್ನು ನಿಲ್ಲಿಸಿ, ಅದರ ಡೇಟಾ ಫೋಲ್ಡರಿನ ಪ್ರತಿ ತೆಗೆದಿಟ್ಟು, ‘ಮೈ ಡಾಟ್ ಐಎನ್‌ಐ’ ಫೈಲಿನಲ್ಲಿ ಪೋರ್ಟನ್ನು 3307 ಮಾಡಬೇಕು. ಕ್ಲೈಂಟ್ ಭಾಗ, ಸರ್ವರ್ ಭಾಗ ಎರಡರಲ್ಲೂ ಬದಲಿಸಬೇಕು. ಡೈರೆಕ್ಟರಿ ತಂತ್ರಾಂಶದ ಸೆಟ್ಟಿಂಗ್‌ನಲ್ಲೂ ಪಿಎಚ್‌ಪಿಮೈಅಡ್ಮಿನ್ ಇದ್ದರೆ ಅದರಲ್ಲೂ ಅದೇ ಸಂಖ್ಯೆ ಹಾಕಬೇಕು. ಒಂದು ಕಡೆ ಮರೆತರೆ ಅದು ಮತ್ತೆ ಪಕ್ಕದ ಮನೆಯ ಬಾಗಿಲನ್ನೇ ಬಡಿಯುತ್ತದೆ.

ಸರ್ವರ್ ಓಡುತ್ತಿರುವಾಗ ಡೇಟಾ ಫೋಲ್ಡರನ್ನು ನಕಲು ಮಾಡಬಾರದು. ಮೈಎಸ್‌ಕ್ಯೂಎಲ್ 8ರ ಫೋಲ್ಡರನ್ನು ಮಾರಿಯಾಡಿಬಿಗೆ ಹಾಗೆಯೇ ಹಾಕಿದರೆ ಅದು ನಡೆಯುವುದಿಲ್ಲ. ಇವೆರಡೂ ಈಗ ಬೇರೆ ಬೇರೆ ಜಾತಿಯ ಫೈಲುಗಳು.

ವಿಳಾಸ ಬದಲಾದಾಗ

ಕರೆಂಟು ಹೋಗಿ ಬಂದಾಗ ಆಗುವ ಇನ್ನೊಂದು ತೊಂದರೆ ರೌಟರಿನದು. ರೌಟರ್ ಚಾಲೂ ಆದಾಗ ಪ್ರತಿ ಕಂಪ್ಯೂಟರಿಗೂ ಒಂದು ಐಪಿ ವಿಳಾಸ ಹಂಚುತ್ತದೆ. ನಿನ್ನೆ 192.168.1.5 ಇದ್ದ ಲ್ಯಾಪ್‌ಟಾಪಿಗೆ ಇವತ್ತು 192.168.1.7 ಸಿಗಬಹುದು. ಅನುಮತಿಯನ್ನು ಹಳೆಯ ವಿಳಾಸಕ್ಕೆ ಮಾತ್ರ ಕೊಟ್ಟಿದ್ದರೆ 1130 ಅಥವಾ 1045 ಬರುತ್ತದೆ. ವಿಪಿಎನ್ ತಂತ್ರಾಂಶ ಹಾಕಿಕೊಂಡಾಗಲೂ ವಿಳಾಸ ಹೀಗೆಯೇ ಬದಲಾಗಬಹುದು.

ರೌಟರಿನ ಸೆಟ್ಟಿಂಗ್‌ನಲ್ಲಿ ಆ ಲ್ಯಾಪ್‌ಟಾಪಿಗೆ ಒಂದು ವಿಳಾಸವನ್ನು ಕಾಯ್ದಿರಿಸುವುದು ಒಳ್ಳೆಯ ಪರಿಹಾರ. ಇಲ್ಲವೇ ‘192.168.1.’ ನಂತರ ಶೇಕಡಾ ಚಿಹ್ನೆ ಹಾಕಿ ಆ ಮನೆಯ ಜಾಲಕ್ಕೆ ಮಾತ್ರ ಅನುಮತಿ ಕೊಡಬಹುದು. ಬರೀ ಶೇಕಡಾ ಚಿಹ್ನೆ ಹಾಕಿದರೆ ಎಲ್ಲಿಂದ ಬಂದರೂ ಪ್ರವೇಶ ಎಂದರ್ಥ. ಅದು ಬೇಡ.

ಹಳೆಯ ಆವೃತ್ತಿಗಳಲ್ಲಿ ಹೆಸರಿಲ್ಲದ ಖಾತೆಯೊಂದು ಇರುತ್ತಿತ್ತು. ಸರ್ವರ್ ಖಾತೆಯನ್ನು ಹುಡುಕುವಾಗ ಖಚಿತವಾದ ವಿಳಾಸಕ್ಕೆ ಮೊದಲ ಮಣೆ. ಹಾಗಾಗಿ ಅದೇ ಕಂಪ್ಯೂಟರಿಗೆಂದು ಇರುವ ಹೆಸರಿಲ್ಲದ ಖಾತೆ, ಎಲ್ಲ ಕಡೆಗೆಂದು ಮಾಡಿದ ಹೆಸರುಳ್ಳ ಖಾತೆಯನ್ನು ಹಿಂದಿಕ್ಕುತ್ತದೆ. ‘ಯೂಸರ್’ ಮತ್ತು ‘ಕರೆಂಟ್ ಯೂಸರ್’ ಎರಡನ್ನೂ ಸೆಲೆಕ್ಟ್ ಆದೇಶದಿಂದ ಕೇಳಿದರೆ ಮೊದಲನೆಯದು ಬಂದವರು ಹೇಳಿದ ಹೆಸರನ್ನೂ ಎರಡನೆಯದು ಸರ್ವರ್ ಹೊಂದಿಸಿದ ಖಾತೆಯನ್ನೂ ತೋರಿಸುತ್ತವೆ. ಎರಡೂ ಬೇರೆಯಾಗಿದ್ದರೆ ತೊಂದರೆ ಎಲ್ಲಿದೆ ಎಂದು ಸ್ಪಷ್ಟ. ಆಮೇಲೆ ‘ಶೋ ಗ್ರಾಂಟ್ಸ್’ ಎಂದರೆ ಆ ಖಾತೆಗಿರುವ ಅನುಮತಿಗಳ ಪಟ್ಟಿ ಬರುತ್ತದೆ.

ಹೊಸ ಸರ್ವರ್, ಹಳೆಯ ತಂತ್ರಾಂಶ

2018ರಲ್ಲಿ ಬಂದ ಮೈಎಸ್‌ಕ್ಯೂಎಲ್ 8.0 ಪಾಸ್‌ವರ್ಡ್ ಪರಿಶೀಲನೆಯ ಹೊಸ ವಿಧಾನವನ್ನು ರೂಢಿಗೆ ತಂದಿತು. ಅದಕ್ಕಿಂತ ಹಳೆಯ ಡೈರೆಕ್ಟರಿ ತಂತ್ರಾಂಶಕ್ಕೆ ಆ ವಿಧಾನ ಗೊತ್ತಿಲ್ಲ. ಪಾಸ್‌ವರ್ಡ್ ಸರಿಯಿದ್ದರೂ 1251 ಅಥವಾ 2059 ಬರುತ್ತದೆ. ತಂತ್ರಾಂಶದ ಕನೆಕ್ಟರನ್ನು ಹೊಸದು ಮಾಡುವುದೇ ನಿಜವಾದ ಪರಿಹಾರ. ಹಳೆಯ ವಿಧಾನವನ್ನು ಆ ಒಂದು ಖಾತೆಗೆ ಮಾತ್ರ ಕೊಟ್ಟು ತಾತ್ಕಾಲಿಕವಾಗಿ ನಡೆಸಬಹುದು. ಆದರೆ 2024ರ 8.4 ಆವೃತ್ತಿಯಲ್ಲಿ ಹಳೆಯ ವಿಧಾನ ಮೊದಲಿನಿಂದಲೇ ಮುಚ್ಚಿರುತ್ತದೆ, 9.0ರಲ್ಲಿ ತೆಗೆದೇ ಹಾಕಿದ್ದಾರೆ. ಮುಂದೂಡುವುದಕ್ಕೂ ಒಂದು ಮಿತಿ ಇದೆ.

ಆಂಟಿವೈರಸ್ ಮತ್ತು ಕ್ಲೌಡ್ ಫೋಲ್ಡರ್

ಕೆಲವೊಮ್ಮೆ ಅನುಮತಿ ನಿರಾಕರಿಸುವುದು ಡೇಟಾಬೇಸ್ ಅಲ್ಲ, ವಿಂಡೋಸ್. ಸರ್ವರಿನ ಎರರ್ ಲಾಗ್ ಫೈಲಿನಲ್ಲಿ ‘ಎರರ್ ಕೋಡ್ 13’ ಅಥವಾ ‘ಐಬಿಡೇಟಾ1 ಫೈಲಿಗೆ ಬರೆಯಲು ಆಗಬೇಕು’ ಎಂಬರ್ಥದ ಸಾಲು ಇದ್ದರೆ ಆ ಫೈಲನ್ನು ಬೇರೆ ಯಾವುದೋ ಹಿಡಿದುಕೊಂಡಿದೆ, ಇಲ್ಲವೇ ಫೋಲ್ಡರಿಗೆ ಬರೆಯುವ ಹಕ್ಕಿಲ್ಲ ಎಂದರ್ಥ. ಆಂಟಿವೈರಸ್ ಪರಿಶೀಲನೆ, ಒನ್‌ಡ್ರೈವ್‌ನಂಥ ಕ್ಲೌಡ್ ಸಿಂಕ್, ಇನ್ನೂ ಸಾಯದೆ ಉಳಿದ ಹಳೆಯ ಸರ್ವರ್, ಈ ಮೂರನ್ನೂ ನೋಡಬೇಕು.

ಆಂಟಿವೈರಸ್ ತೆಗೆದುಹಾಕಬೇಕಾಗಿಲ್ಲ. ಡೇಟಾ ಫೋಲ್ಡರನ್ನು ಮಾತ್ರ ಅದರ ವಿನಾಯಿತಿ ಪಟ್ಟಿಗೆ ಸೇರಿಸಿದರೆ ಸಾಕು. ಡೇಟಾ ಫೋಲ್ಡರನ್ನು ಕ್ಲೌಡ್ ಸಿಂಕ್ ಆಗುವ ಜಾಗದಲ್ಲಿ ಇಡಲೇಬಾರದು. ಬ್ಯಾಕಪ್ ತೆಗೆದ ಫೈಲನ್ನು ಪಾಸ್‌ವರ್ಡ್ ಹಾಕಿ ಅಲ್ಲಿಗೆ ಕಳಿಸಬಹುದು.

ಇವನ್ನು ಮಾಡಬಾರದು

ಅವಸರದಲ್ಲಿ ಹುಡುಕಿದರೆ ಸಿಗುವ ಸಲಹೆಗಳಲ್ಲಿ ಮೂರು ಅಪಾಯಕಾರಿ. ಮೊದಲನೆಯದು, ಎಲ್ಲರಿಗೂ ‘ಆಲ್ ಪ್ರಿವಿಲೆಜಸ್’ ಕೊಡುವುದು. ದೋಷ ಮಾಯವಾಗುತ್ತದೆ ನಿಜ. ಆದರೆ ರಸೀದಿ ಬರೆಯಲು ಬಂದ ಹುಡುಗ ಒಂದು ತಪ್ಪು ಬಟನ್ ಒತ್ತಿದರೆ ಇಪ್ಪತ್ತು ವರ್ಷದ ಪಟ್ಟಿಯೇ ಹೋಗಬಹುದು. ಎರಡನೆಯದು, ‘ಸ್ಕಿಪ್ ಗ್ರಾಂಟ್ ಟೇಬಲ್ಸ್’ ಎಂಬ ಸಾಲು ಹಾಕಿ ಹಾಗೆಯೇ ಬಿಡುವುದು. ಅದಿರುವವರೆಗೆ ಆ ಕಂಪ್ಯೂಟರಿನ ಮುಂದೆ ಕುಳಿತ ಯಾರಿಗೂ ಪಾಸ್‌ವರ್ಡ್ ಬೇಕಾಗುವುದಿಲ್ಲ. ಮೂರನೆಯದು, ಫೈರ್‌ವಾಲನ್ನೇ ಮುಚ್ಚಿಬಿಡುವುದು. ಮನೆಗಳ ಫೋನ್ ನಂಬರ್, ಹೆಣ್ಣುಮಕ್ಕಳ ವಿವರ ಇರುವ ದಾಖಲೆ ಇದು. ವ್ಯಕ್ತಿಗಳ ಮಾಹಿತಿ ರಕ್ಷಣೆಗೆ 2023ರಲ್ಲಿ ಕೇಂದ್ರ ಕಾನೂನೇ ಬಂದಿದೆ. ಕಾನೂನಿಗಿಂತ ಮೊದಲು ಸಮಾಜ ಬಾಂಧವರು ನಂಬಿ ಕೊಟ್ಟ ಮಾಹಿತಿ ಅದು.

ಅನುಮತಿಯನ್ನು ಕೆಲಸಕ್ಕೆ ತಕ್ಕಂತೆ ಹಂಚುವುದು ಸರಿಯಾದ ಕ್ರಮ. ಡೈರೆಕ್ಟರಿ ನೋಡುವವರಿಗೆ ಓದುವ ಅನುಮತಿ ಮಾತ್ರ. ರಸೀದಿ ಬರೆಯುವವರಿಗೆ ಓದುವುದು ಮತ್ತು ಸೇರಿಸುವುದು. ಕಾರ್ಯದರ್ಶಿಗೆ ತಿದ್ದುವ ಅನುಮತಿ. ಅಳಿಸುವುದು ಒಬ್ಬರಿಗೆ ಮಾತ್ರ. ಬಿಲ್ಲಿಂಗ್ ತಂತ್ರಾಂಶಕ್ಕೆ ಸಮಾಜದ ಡೇಟಾಬೇಸಿನಲ್ಲಿ ಯಾವ ಹಕ್ಕೂ ಬೇಡ. ‘ರೂಟ್’ ಖಾತೆಗೆ ಕ್ಸಾಂಪ್‌ನಲ್ಲಿ ಮೊದಲಿಗೆ ಪಾಸ್‌ವರ್ಡೇ ಇರುವುದಿಲ್ಲ. ಅದನ್ನು ಮೊದಲ ದಿನವೇ ಹಾಕಬೇಕು. ದಿನನಿತ್ಯದ ಕೆಲಸಕ್ಕೆ ಆ ಖಾತೆಯನ್ನು ಬಳಸಬಾರದು. ಅನುಮತಿ ಬದಲಿಸಿದ ಮೇಲೆ ತಂತ್ರಾಂಶವನ್ನು ಒಮ್ಮೆ ಮುಚ್ಚಿ ತೆರೆಯಬೇಕು, ಇಲ್ಲದಿದ್ದರೆ ಹಳೆಯ ಹಕ್ಕೇ ಮುಂದುವರಿದಂತೆ ಕಾಣಬಹುದು.

ಮಳೆಗೆ ಮುಂಚೆ ಮಾಡಬೇಕಾದದ್ದು

ಮಲೆನಾಡಿನವರು ಮಳೆ ಬರುವ ಮುಂಚೆ ಸೌದೆ ಒಳಗಿಡುತ್ತಾರೆ, ಹಂಚು ಸರಿ ಮಾಡಿಸುತ್ತಾರೆ. ದಾಖಲೆಗೂ ಅದೇ ಕ್ರಮ ಒಳ್ಳೆಯದು. ಮೇ ತಿಂಗಳಲ್ಲಿ ಒಂದು ಭಾನುವಾರ ಪೂರ್ತಿ ಬ್ಯಾಕಪ್ ತೆಗೆದು ಅದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು. ತೆರೆಯದೆ ಇಟ್ಟ ಬ್ಯಾಕಪ್ ಇದ್ದೂ ಇಲ್ಲದಂತೆ. ಕಂಪ್ಯೂಟರಿಗೆ ಹೊಸ ತಂತ್ರಾಂಶ ಹಾಕಿಸುವ ಹಿಂದಿನ ದಿನವೂ ಇದನ್ನೇ ಮಾಡಬೇಕು.

ಒಂದು ನೋಟ್‌ಬುಕ್ಕಿನಲ್ಲಿ ಯಾವ ತಂತ್ರಾಂಶಕ್ಕೆ ಯಾವ ಪೋರ್ಟ್, ಡೇಟಾ ಫೋಲ್ಡರ್ ಎಲ್ಲಿದೆ, ಯಾರಿಗೆ ಯಾವ ಅನುಮತಿ, ಯಾವ ತಾರೀಖು ಏನು ಬದಲಿಸಿದ್ದು ಎಂದು ಬರೆದಿಡಬೇಕು. ಪಾಸ್‌ವರ್ಡನ್ನು ಅದರಲ್ಲಿ ಬರೆಯದೆ ಮುಚ್ಚಿದ ಲಕೋಟೆಯಲ್ಲಿ ಅಧ್ಯಕ್ಷರ ಬಳಿ ಇಡಬಹುದು. ಈ ವಿಷಯ ಕನಿಷ್ಠ ಇಬ್ಬರಿಗೆ ತಿಳಿದಿರಬೇಕು. ಒಬ್ಬರೇ ತಿಳಿದವರಾಗಿದ್ದು ಅವರು ಊರಲ್ಲಿ ಇಲ್ಲದ ದಿನ ತೊಂದರೆಯಾದರೆ, ಶಿರಾಡಿ ಘಾಟಿಯ ಆಚೆಯಿಂದಲೋ ಬೆಂಗಳೂರಿನಿಂದಲೋ ಜನ ಬರುವವರೆಗೆ ಕಾಯಬೇಕಾಗುತ್ತದೆ.

ಇಷ್ಟು ಮಾಡಿಟ್ಟರೆ ಮಳೆ ರಾತ್ರಿ ಕಳೆದು ಬೆಳಿಗ್ಗೆ ‘ಆಕ್ಸೆಸ್ ಡಿನೈಡ್’ ಕಂಡರೂ ಗಾಬರಿ ಬೇಡ. ಸಂಖ್ಯೆ ಓದಿ, ಬಾಗಿಲಲ್ಲಿ ಯಾರಿದ್ದಾರೆ ನೋಡಿ, ಆಮೇಲೆ ಅನುಮತಿಗೆ ಕೈ ಹಾಕಿದರೆ ಪೂಜೆಯ ಗಂಟೆ ಬಾರಿಸುವ ಹೊತ್ತಿಗೆ ರಸೀದಿ ಬರೆಯಲು ಕೂರಬಹುದು.