ಬರೆಯಲಾಗದ ಮಗುವೂ ಪರೀಕ್ಷೆ ಗೆಲ್ಲಬಹುದು

ಮಾರ್ಚ್ ತಿಂಗಳು ಹತ್ತಿರ ಬಂದಂತೆ ಎಸ್ಸೆಸ್ಸೆಲ್ಸಿ ಮಕ್ಕಳಿರುವ ಮನೆಗಳ ವಾತಾವರಣವೇ ಬದಲಾಗುತ್ತದೆ. ಟಿ.ವಿ. ಬಂದ್, ನೆಂಟರ ಮನೆಗೆ ಹೋಗುವುದು ಬಂದ್. ತಾಯಿ ಬೆಳಗಿನ ಜಾವ ಎದ್ದು ಚಹಾ ಕಾಸಿ ಮಗುವನ್ನು ಓದಲು ಕೂರಿಸುತ್ತಾಳೆ. ಇಷ್ಟೆಲ್ಲ ಮಾಡಿದರೂ ಕೆಲವು ತಾಯಂದಿರ ಎದೆಯಲ್ಲಿ ಒಂದು ಚಿಂತೆ ಉಳಿದೇ ಇರುತ್ತದೆ. ಮಗುವಿಗೆ ಪಾಠ ಗೊತ್ತಿದೆ. ಕೇಳಿದರೆ ಉತ್ತರ ಹೇಳುತ್ತದೆ. ಆದರೆ ಕಾಗದದ ಮೇಲೆ ಬರೆಯಲಾಗುವುದಿಲ್ಲ. ಕೆಲವರಿಗೆ ಕಣ್ಣು ಮಂಜು, ಕೆಲವರಿಗೆ ಕಿವಿ ಮಂದ, ಇನ್ನು ಕೆಲವರಿಗೆ ಕೈಯೇ ಸ್ವಾಧೀನದಲ್ಲಿರುವುದಿಲ್ಲ. "ಇನ್ನೇನು ಮಾಡುವುದು, ಅವಳ ನಸೀಬು ಇಷ್ಟೇ" ಎಂದು ಮನೆಯವರು ಕೈಚೆಲ್ಲಿ ಬಿಡುತ್ತಾರೆ.

ಸಹೋದರಿಯರೇ, ನಸೀಬಿನ ಮೇಲೆ ಹೊರೆ ಹಾಕುವ ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಇಂತಹ ಮಕ್ಕಳಿಗಾಗಿ ಪರೀಕ್ಷೆಯ ವಿಧಾನವನ್ನೇ ಬದಲಿಸಬೇಕೆಂದು ನಮ್ಮ ದೇಶದ ಕಾನೂನು ಹೇಳುತ್ತದೆ. ಆದರೆ ಆ ಸೌಲಭ್ಯ ತಾನಾಗಿ ಮನೆಗೆ ನಡೆದು ಬರುವುದಿಲ್ಲ. ಕೇಳಬೇಕು, ಅದೂ ಸಮಯಕ್ಕೆ ಸರಿಯಾಗಿ ಕೇಳಬೇಕು.

ಕಾನೂನು ಏನು ಹೇಳುತ್ತದೆ?

1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ನ್ಯೂನತೆಗಳನ್ನು ಮಾತ್ರ ಹೆಸರಿಸಲಾಗಿತ್ತು. ಶಾಲೆಗಳು ಬರಹದ ಸಹಾಯಕರನ್ನು ಒದಗಿಸಬೇಕೆಂದು ಆ ಕಾಯ್ದೆ ಹೇಳಿದ್ದು ಅಂಧ ಮತ್ತು ಮಂದದೃಷ್ಟಿಯ ಮಕ್ಕಳಿಗಾಗಿ ಮಾತ್ರ. ಅದರ ಸ್ಥಾನದಲ್ಲಿ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅದರಲ್ಲಿ 21 ಬಗೆಯ ನ್ಯೂನತೆಗಳಿವೆ. ನಿರ್ದಿಷ್ಟ ಕಲಿಕಾ ನ್ಯೂನತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ತಲಸ್ಸೇಮಿಯಾ, ಹಿಮೋಫಿಲಿಯಾ ಎಲ್ಲವೂ ಈ ಪಟ್ಟಿಯಲ್ಲಿ ಸೇರಿವೆ.

ಈ ಕಾಯ್ದೆಯ 17ನೇ ಸೆಕ್ಷನನ್ನು ಪ್ರತಿಯೊಬ್ಬ ತಾಯಿಯೂ ನೆನಪಿಟ್ಟುಕೊಳ್ಳಬೇಕು. ಪಠ್ಯಕ್ರಮದಲ್ಲೂ ಪರೀಕ್ಷಾ ವ್ಯವಸ್ಥೆಯಲ್ಲೂ ಮಗುವಿನ ಅಗತ್ಯಕ್ಕೆ ತಕ್ಕ ಮಾರ್ಪಾಡು ಮಾಡಬೇಕು ಎಂದು ಅದು ಸರಕಾರಕ್ಕೆ ಹೇಳುತ್ತದೆ. ಹೆಚ್ಚುವರಿ ಸಮಯ, ಉತ್ತರ ಬರೆದುಕೊಡುವ ಸ್ಕ್ರೈಬ್, ದ್ವಿತೀಯ ಮತ್ತು ತೃತೀಯ ಭಾಷೆಯಿಂದ ವಿನಾಯಿತಿ, ಈ ಮೂರನ್ನೂ ಅಲ್ಲಿ ಹೆಸರು ಹೇಳಿಯೇ ಬರೆಯಲಾಗಿದೆ.

ಹೆಚ್ಚುವರಿ ಸಮಯ ಎಷ್ಟು? ಕೇಂದ್ರ ಸರಕಾರದ 2018ರ ಮಾರ್ಗಸೂಚಿಯ ಪ್ರಕಾರ ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ. ಅಂದರೆ ಮೂರು ಗಂಟೆಯ ಪರೀಕ್ಷೆಗೆ ಇನ್ನೊಂದು ಗಂಟೆ. ಸಿ.ಬಿ.ಎಸ್.ಇ. ಕೂಡ ಇದೇ ಲೆಕ್ಕ ಇಟ್ಟುಕೊಂಡಿದೆ. ಅಲ್ಲಿ ವಿಶೇಷ ಅಗತ್ಯವುಳ್ಳ 10 ಮತ್ತು 12ನೇ ತರಗತಿಯ ಮಕ್ಕಳಿಗೆ ಸಾಧಾರಣ ಕ್ಯಾಲ್ಕುಲೇಟರ್ ಬಳಸುವ ಅನುಮತಿಯೂ 2020ರಲ್ಲಿ ದೊರೆಯಿತು. ದಿನವೂ ಇನ್ಸುಲಿನ್ ಚುಚ್ಚಿಸಿಕೊಳ್ಳುವ ಮಧುಮೇಹಿ ಮಕ್ಕಳು ಸಕ್ಕರೆ ಮಾತ್ರೆ, ಬಾಳೆಹಣ್ಣು, ನೀರು ಮುಂತಾದವನ್ನು ಪರೀಕ್ಷಾ ಕೊಠಡಿಗೆ ಒಯ್ಯಲು ಅದೇ ಮಂಡಳಿ 2017ರಲ್ಲಿ ಅವಕಾಶ ಕೊಟ್ಟಿತು.

ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿಯಲ್ಲೂ ಹೆಚ್ಚುವರಿ ಸಮಯ, ಸ್ಕ್ರೈಬ್, ಭಾಷೆಯ ವಿನಾಯಿತಿ ಮುಂತಾದ ಸೌಲಭ್ಯಗಳಿವೆ. ಯಾವ ನ್ಯೂನತೆಗೆ ಯಾವ ಸೌಲಭ್ಯ ಎಂಬುದನ್ನು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಸುತ್ತೋಲೆಯಲ್ಲಿ ನೋಡಬೇಕು. ಹಳೆಯ ವರ್ಷದ ಮಾತನ್ನು ನಂಬದೆ ಆ ವರ್ಷದ ಸುತ್ತೋಲೆಯನ್ನೇ ಮುಖ್ಯೋಪಾಧ್ಯಾಯರಲ್ಲಿ ಕೇಳಿ ಓದಿಕೊಳ್ಳಿ.

"ಶೇಕಡಾ 40 ಇಲ್ಲ" ಎಂದರೆ?

ಕೆಲವು ಹೆತ್ತವರನ್ನು ಒಂದು ಮಾತು ಹೇಳಿ ಹಿಂದಕ್ಕೆ ಕಳುಹಿಸುವುದುಂಟು: "ನಿಮ್ಮ ಮಗುವಿನ ನ್ಯೂನತೆ ಶೇಕಡಾ 40ಕ್ಕಿಂತ ಕಡಿಮೆ. ಏನೂ ಸಿಗುವುದಿಲ್ಲ." ಸುಪ್ರೀಂ ಕೋರ್ಟ್ ಈ ವಾದವನ್ನು ಒಪ್ಪಿಲ್ಲ. 2021ರ ಫೆಬ್ರವರಿಯಲ್ಲಿ ವಿಕಾಶ್ ಕುಮಾರ್ ಪ್ರಕರಣದ ತೀರ್ಪು ಬಂತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಗೆ, ಶೇಕಡಾ 40ರ ಮಿತಿ ತಲುಪಿಲ್ಲವೆಂಬ ಕಾರಣ ಕೊಟ್ಟು ಸ್ಕ್ರೈಬ್ ನಿರಾಕರಿಸುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಅದರ ಬೆನ್ನಿಗೆ 2022ರ ಆಗಸ್ಟ್‌ನಲ್ಲಿ, ಶೇಕಡಾ 40ಕ್ಕಿಂತ ಕಡಿಮೆ ನ್ಯೂನತೆಯಿದ್ದು ಬರೆಯಲು ಕಷ್ಟಪಡುವವರಿಗಾಗಿ ಕೇಂದ್ರ ಸರಕಾರ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿಲುವನ್ನು ಮತ್ತೊಮ್ಮೆ ಎತ್ತಿಹಿಡಿಯಿತು.

ಆದ್ದರಿಂದ ಮೊದಲ ಕಿಟಕಿಯಲ್ಲಿ "ಇಲ್ಲ" ಎಂದ ಮಾತ್ರಕ್ಕೆ ಮನೆಗೆ ಮರಳಬೇಡಿ. ಯಾವ ನಿಯಮದ ಪ್ರಕಾರ ಇಲ್ಲ ಎಂದು ಬರಹದಲ್ಲಿ ಕೇಳಿ.

ಇದು ಇತರ ಮಕ್ಕಳಿಗೆ ಅನ್ಯಾಯವಲ್ಲವೇ?

ಈ ಪ್ರಶ್ನೆಯನ್ನು ನೆರೆಹೊರೆಯವರು ಕೇಳುತ್ತಾರೆ, ಕೆಲವೊಮ್ಮೆ ಶಿಕ್ಷಕರೂ ಕೇಳುತ್ತಾರೆ. ಹಿಂದಿನ ಕಾಲದಲ್ಲಿ ಕೆಲವು ವ್ಯಾಪಾರಿಗಳು ತಕ್ಕಡಿಯ ತಟ್ಟೆಯ ತಳಕ್ಕೆ ಹುಣಸೆಹಣ್ಣು ಅಂಟಿಸಿ ತೂಕದಲ್ಲಿ ಮೋಸ ಮಾಡುತ್ತಿದ್ದರಂತೆ. ಆ ಹುಣಸೆಹಣ್ಣನ್ನು ಕಿತ್ತು ತೆಗೆದರೆ ಗಿರಾಕಿಗೆ ಹೆಚ್ಚು ಅಕ್ಕಿ ಕೊಟ್ಟಂತಾಗುತ್ತದೆಯೇ? ತೂಕ ಸರಿಯಾಯಿತು, ಅಷ್ಟೇ. ಸಮಾಜ ವಿಜ್ಞಾನದ ಪರೀಕ್ಷೆ ಅಳೆಯಬೇಕಾದದ್ದು ಸಮಾಜ ವಿಜ್ಞಾನದ ಜ್ಞಾನವನ್ನು. ಬೆರಳುಗಳ ವೇಗವನ್ನಲ್ಲ. ಸ್ಕ್ರೈಬ್ ಕೂತರೂ ಉತ್ತರ ಹೇಳಬೇಕಾದದ್ದು ಮಗುವೇ. ಓದದೆ ಹೋದ ಮಗುವಿಗೆ ಒಂದು ಗಂಟೆ ಹೆಚ್ಚು ಕೊಟ್ಟರೂ ಖಾಲಿ ಹಾಳೆ ಖಾಲಿಯಾಗಿಯೇ ಉಳಿಯುತ್ತದೆ.

ಹಾಗೆಯೇ, ಯಾವ ತೊಂದರೆಯೂ ಇಲ್ಲದ ಮಗುವಿಗೆ ಸುಳ್ಳು ಪ್ರಮಾಣಪತ್ರ ಮಾಡಿಸುವವರೂ ಇದ್ದಾರೆ. ಅವರಿಂದಾಗಿ ನಿಜವಾಗಿ ಕಷ್ಟದಲ್ಲಿರುವ ಮಗುವನ್ನೂ ಜನ ಸಂಶಯದಿಂದ ನೋಡುವಂತಾಗುತ್ತದೆ. ಆ ದಾರಿಯ ಹತ್ತಿರವೂ ಸುಳಿಯಬಾರದು.

ತಾಯಿ ಗುರುತಿಸುವುದು ಹೇಗೆ?

ಕಣ್ಣು, ಕಿವಿ, ಕೈಕಾಲಿನ ತೊಂದರೆ ಬೇಗ ತಿಳಿಯುತ್ತದೆ. ಕಲಿಕಾ ನ್ಯೂನತೆ ಹಾಗಲ್ಲ. ನೋಡಲು ಮಗು ಚೂಟಿಯಾಗಿರುತ್ತದೆ. 2007ರಲ್ಲಿ ಬಂದ 'ತಾರೇ ಜಮೀನ್ ಪರ್' ಚಿತ್ರದ ಹುಡುಗನ ಕಥೆ ಅನೇಕರಿಗೆ ಗೊತ್ತಿದೆ. ಅಕ್ಷರಗಳು ಕಣ್ಣಮುಂದೆ ಕುಣಿಯುತ್ತವೆ ಎನ್ನುತ್ತಿದ್ದ ಆ ಹುಡುಗನಿಗೆ ಇದ್ದದ್ದು ಡಿಸ್ಲೆಕ್ಸಿಯಾ, ಅಂದರೆ ಓದಿನ ತೊಂದರೆ. ಬರವಣಿಗೆಯ ತೊಂದರೆಗೆ ಡಿಸ್‌ಗ್ರಾಫಿಯಾ ಎಂದೂ ಲೆಕ್ಕದ ತೊಂದರೆಗೆ ಡಿಸ್‌ಕ್ಯಾಲ್ಕುಲಿಯಾ ಎಂದೂ ಹೆಸರು. ಇವು ಸೋಮಾರಿತನವೂ ಅಲ್ಲ, ದಡ್ಡತನವೂ ಅಲ್ಲ.

ನಮ್ಮ ಮನೆಗಳಲ್ಲಿ ಇದನ್ನು ಗುರುತಿಸುವುದು ಇನ್ನೂ ಸ್ವಲ್ಪ ಕಷ್ಟ. ಮನೆಯಲ್ಲಿ ಬ್ಯಾರಿಯೋ ಉರ್ದುವೋ, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್, ಮದ್ರಸದಲ್ಲಿ ಅರಬಿ. ಮಗು ತಡವರಿಸಿದರೆ "ಭಾಷೆ ಬೇರೆಯಲ್ಲವೇ, ಕ್ರಮೇಣ ಬರುತ್ತದೆ" ಎಂದುಕೊಳ್ಳುತ್ತೇವೆ. ಅದು ನಿಜವೂ ಇರಬಹುದು. ಹೊಸ ಭಾಷೆಯ ತೊಂದರೆ ಆ ಒಂದು ಭಾಷೆಯಲ್ಲಿ ಕಾಣಿಸಿಕೊಂಡು ದಿನ ಕಳೆದಂತೆ ಕಡಿಮೆಯಾಗುತ್ತದೆ. ಆದರೆ ಕನ್ನಡ, ಇಂಗ್ಲಿಷ್, ಅರಬಿ ಮೂರು ಲಿಪಿಯಲ್ಲೂ ಮಗು ಒಂದೇ ರೀತಿ ಎಡವುತ್ತಿದ್ದರೆ ಎಚ್ಚರ ವಹಿಸಿ. ಮದ್ರಸದಲ್ಲಿ ನಾನು ಗಮನಿಸಿದ ಒಂದು ಲಕ್ಷಣವಿದೆ. ಕಿವಿಯಿಂದ ಕೇಳಿದ್ದನ್ನು ಮಗು ಸಲೀಸಾಗಿ ಬಾಯಿಪಾಠ ಮಾಡುತ್ತದೆ. ಅದೇ ಸಾಲನ್ನು ಬೆರಳಿಟ್ಟು ಓದು ಎಂದರೆ ನಿಂತುಬಿಡುತ್ತದೆ. ಇಂತಹ ಮಗುವಿಗೆ ಏಟು ಕೊಟ್ಟರೆ ಪ್ರಯೋಜನವಿಲ್ಲ, ತಪಾಸಣೆ ಬೇಕು.

ಮನೆಯಲ್ಲಿ ಇವನ್ನು ಗಮನಿಸಿ: ಮೂರು, ನಾಲ್ಕನೇ ತರಗತಿಗೆ ಬಂದರೂ ಕಾಗುಣಿತ ಮತ್ತು ಒತ್ತಕ್ಷರ ಬಿಟ್ಟು ಬರೆಯುವುದು, ಬೋರ್ಡಿನಿಂದ ನೋಡಿ ಬರೆಯುವಾಗಲೂ ಅಕ್ಷರ ತಪ್ಪುವುದು, ಒಂದೇ ಪದವನ್ನು ಒಂದೇ ಪುಟದಲ್ಲಿ ಮೂರು ವಿಧವಾಗಿ ಬರೆಯುವುದು, ಬಾಯಲ್ಲಿ ಹೇಳುವ ಉತ್ತರಕ್ಕೂ ಬರೆಯುವ ಉತ್ತರಕ್ಕೂ ಅಜಗಜಾಂತರವಿರುವುದು.

ಎಲ್ಲಿಗೆ ಹೋಗಬೇಕು, ಯಾವಾಗ ಹೋಗಬೇಕು?

ಮೊದಲು ತರಗತಿ ಶಿಕ್ಷಕರೊಂದಿಗೆ ಮಾತನಾಡಿ. ಪ್ರತಿ ಶೈಕ್ಷಣಿಕ ಬ್ಲಾಕಿನಲ್ಲೂ ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಂದರೆ ಬಿ.ಆರ್.ಸಿ. ಕಚೇರಿ ಇದೆ. ವಿಶೇಷ ಅಗತ್ಯವುಳ್ಳ ಮಕ್ಕಳ ವಿಷಯ ನೋಡಿಕೊಳ್ಳುವ ಬಿ.ಐ.ಇ.ಆರ್.ಟಿ. ಎಂಬ ಸಂಪನ್ಮೂಲ ಶಿಕ್ಷಕರು ಅಲ್ಲಿರುತ್ತಾರೆ. ಮಕ್ಕಳ ತಪಾಸಣಾ ಶಿಬಿರಗಳ ದಿನಾಂಕವೂ ಅಲ್ಲೇ ತಿಳಿಯುತ್ತದೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಬಹುದು.

ಪ್ರಮಾಣಪತ್ರಕ್ಕೆ ಸರಕಾರಿ ಆಸ್ಪತ್ರೆಯ ವೈದ್ಯರ ತಪಾಸಣೆ ಬೇಕು. ಅರ್ಜಿಯನ್ನು ಯು.ಡಿ.ಐ.ಡಿ. ಕಾರ್ಡಿನ ಜಾಲತಾಣದಲ್ಲೇ ಸಲ್ಲಿಸಬೇಕು. ಕಲಿಕಾ ನ್ಯೂನತೆಯ ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್ ಹೆಸರಾಗಿದೆ. ಅಲ್ಲಿ ಸಿದ್ಧಪಡಿಸಿದ ಪರೀಕ್ಷಾ ಕ್ರಮವನ್ನೇ ಕೇಂದ್ರ ಸರಕಾರ 2018ರ ಮಾರ್ಗಸೂಚಿಯಲ್ಲಿ ಸೇರಿಸಿತು. ಮಾತು ಮತ್ತು ಕಿವಿಯ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಲಿಕಾ ನ್ಯೂನತೆಯ ಪ್ರಮಾಣಪತ್ರವನ್ನು ಎಂಟು ವರ್ಷ ತುಂಬಿದ ಮೇಲೆ ಕೊಡಬೇಕು, ಮಗು ಬೆಳೆದಂತೆ ಮರುತಪಾಸಣೆ ಆಗಬೇಕು ಎಂದೂ ಆ ಮಾರ್ಗಸೂಚಿ ಹೇಳಿತ್ತು. ಹಳೆಯ ಪತ್ರವಿದ್ದರೆ ಅದರ ಅವಧಿ ಮುಗಿದಿದೆಯೇ ಎಂದು ನೋಡಿಕೊಳ್ಳಿ.

ಇದೆಲ್ಲಕ್ಕೂ ದಿನಗಳು ಹಿಡಿಯುತ್ತವೆ. ಫೆಬ್ರವರಿಯಲ್ಲಿ ಓಡಾಡಿದರೆ ಮಾರ್ಚಿನ ಪರೀಕ್ಷೆಗೆ ಏನೂ ಸಿಗದು. ಎಂಟನೇ ತರಗತಿಯಲ್ಲೇ ಪತ್ರ ಮಾಡಿಸಿ. ಹತ್ತನೇ ತರಗತಿಯ ಪರೀಕ್ಷಾ ಅರ್ಜಿ ತುಂಬುವಾಗ ಯಾವ ಸೌಲಭ್ಯ ಬೇಕೆಂದು ಶಾಲೆಗೆ ಬರಹದಲ್ಲಿ ಕೊಟ್ಟು, ಅದರ ಪ್ರತಿಗೆ ಸಹಿ ಹಾಕಿಸಿ ಇಟ್ಟುಕೊಳ್ಳಿ.

ಮನೆಯಲ್ಲೇ ಅಭ್ಯಾಸ

ಸ್ಕ್ರೈಬ್ ಸಿಕ್ಕಿತೆಂದರೆ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಉತ್ತರ ಹೇಳಿ ಬರೆಸುವುದೂ ಒಂದು ವಿದ್ಯೆ. "ಹೊಸ ಸಾಲು, ಪೂರ್ಣವಿರಾಮ, ಆವರಣ ಚಿಹ್ನೆ" ಎಂದು ಹೇಳಲು ಮಗು ಕಲಿಯಬೇಕು. ಲೆಕ್ಕವನ್ನು ಹಂತಹಂತವಾಗಿ ಬಾಯಲ್ಲಿ ಹೇಳುವುದು ಅಭ್ಯಾಸವಿಲ್ಲದೆ ಬರುವುದಿಲ್ಲ. ದಿನಕ್ಕೆ ಅರ್ಧ ಗಂಟೆ ನೀವೇ ಸ್ಕ್ರೈಬ್ ಆಗಿ ಕುಳಿತುಕೊಳ್ಳಿ. ಮಗು ಹೇಳಿದ್ದನ್ನಷ್ಟೇ ಬರೆಯಿರಿ, ತಪ್ಪು ಹೇಳಿದರೆ ತಪ್ಪನ್ನೇ ಬರೆಯಿರಿ. ನಿಮಗೆ ಓದು ಬರಹ ಕಡಿಮೆಯಿದ್ದರೆ ಅಕ್ಕನನ್ನೋ ಪಕ್ಕದ ಮನೆಯ ಹುಡುಗಿಯನ್ನೋ ಕೂರಿಸಿ. ನಾಲ್ಕು ಗಂಟೆ ಕೂರುವುದೂ ಮಗುವಿಗೆ ದಣಿವೇ. ಆದ್ದರಿಂದ ಪೂರ್ತಿ ಸಮಯದ ಅಭ್ಯಾಸ ಪರೀಕ್ಷೆಯನ್ನು ಎರಡು ಮೂರು ಸಲವಾದರೂ ಮಾಡಿಸಿ. ಭಾಷೆಯ ವಿನಾಯಿತಿ ತೆಗೆದುಕೊಳ್ಳುವ ಮೊದಲು, ಮುಂದೆ ಸೇರಬೇಕೆಂದಿರುವ ಕೋರ್ಸಿಗೆ ಆ ಭಾಷೆ ಬೇಕೇ ಎಂದು ಶಿಕ್ಷಕರಲ್ಲಿ ಕೇಳಿ ನಿರ್ಧರಿಸಿ.

ಶಾಲೆಯ ದಾರಿ ತೀರಾ ಕಷ್ಟವೆನಿಸಿದ ಮಕ್ಕಳಿಗೆ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್.ಐ.ಒ.ಎಸ್. ಇದೆ. ಅಲ್ಲಿ ಒಮ್ಮೆ ಹೆಸರು ನೋಂದಾಯಿಸಿದರೆ ಐದು ವರ್ಷಗಳ ಅವಧಿಯಲ್ಲಿ, ಒಂಬತ್ತು ಅವಕಾಶಗಳಲ್ಲಿ, ವಿಷಯಗಳನ್ನು ಸ್ವಲ್ಪ ಸ್ವಲ್ಪವಾಗಿ ಮುಗಿಸಬಹುದು.

ಮುಚ್ಚಿಡುವ ರೋಗ

ಕೊನೆಯದಾಗಿ, ಎಲ್ಲಕ್ಕಿಂತ ದೊಡ್ಡ ಅಡ್ಡಿಯ ಬಗ್ಗೆ ಹೇಳಲೇಬೇಕು. ಅದು ಶಾಲೆಯಲ್ಲೂ ಇಲ್ಲ, ಆಸ್ಪತ್ರೆಯಲ್ಲೂ ಇಲ್ಲ, ನಮ್ಮ ಮನೆಯೊಳಗಿದೆ. "ಹೆಣ್ಣುಮಗು. ಪತ್ರ ಮಾಡಿಸಿದರೆ ಊರಿಗೆಲ್ಲ ಗೊತ್ತಾಗುತ್ತದೆ. ನಾಳೆ ಸಂಬಂಧ ಬರುವುದು ಹೇಗೆ?" ಎಂಬ ಭಯ. ಈ ಭಯದಿಂದ ಗಂಡುಮಗುವನ್ನಾದರೂ ವೈದ್ಯರ ಬಳಿ ಒಯ್ಯುವವರು, ಹೆಣ್ಣುಮಗುವನ್ನು "ಇವಳಿಗೆ ಓದು ಹತ್ತುವುದಿಲ್ಲ" ಎಂದು ಅಡುಗೆಮನೆಗೆ ಸೇರಿಸಿಬಿಡುತ್ತಾರೆ.

ಪ್ರಮಾಣಪತ್ರವೇನು ಬಾಗಿಲಿಗೆ ಅಂಟಿಸುವ ನೋಟೀಸಲ್ಲ. ಅದು ನಿಮ್ಮ ಕಪಾಟಿನಲ್ಲಿರುವ ಕಾಗದ, ಶಾಲೆಗೆ ಬೇಕಾದಾಗ ತೋರಿಸುವಂಥದ್ದು. ಆದರೆ ಹತ್ತನೇ ತರಗತಿ ಫೇಲಾದ ವಿಷಯ ಇಡೀ ಕೇರಿಗೆ ತಿಳಿಯುತ್ತದೆ. ಅದಕ್ಕಿಂತ ಮಿಗಿಲಾಗಿ, "ನಾನು ದಡ್ಡಿ" ಎಂಬ ಭಾವನೆ ಆ ಹುಡುಗಿಯ ಮನಸ್ಸಿನಲ್ಲಿ ಬೇರೂರಿಬಿಡುತ್ತದೆ. ಮುಂದೆ ಅವಳು ತಾಯಿಯಾದಾಗ ತನ್ನ ಮಗುವಿನ ಪುಸ್ತಕ ಮುಟ್ಟಲೂ ಅಂಜುತ್ತಾಳೆ.

ನಿಮ್ಮ ಮನೆಯಲ್ಲಿ ಇಂತಹ ಮಗುವಿಲ್ಲದಿರಬಹುದು. ಆದರೆ ನೆರೆಮನೆಯಲ್ಲಿ, ನಾದಿನಿಯ ಮನೆಯಲ್ಲಿ, ಮನೆಗೆಲಸಕ್ಕೆ ಬರುವವಳ ಗುಡಿಸಲಲ್ಲಿ ಇರಬಹುದು. ಈ ಲೇಖನವನ್ನು ಅವರಿಗೆ ಓದಿ ಹೇಳಿ. ಸಾಧ್ಯವಾದರೆ ಒಂದು ದಿನ ಅವರ ಜೊತೆ ಬಿ.ಆರ್.ಸಿ. ಕಚೇರಿಯವರೆಗೆ ಹೋಗಿ ಬನ್ನಿ. ಒಂಟಿ ಹೆಂಗಸನ್ನು "ನಾಳೆ ಬನ್ನಿ" ಎಂದು ಸುಲಭವಾಗಿ ಸಾಗಹಾಕುತ್ತಾರೆ. ಇಬ್ಬರು ಹೋದರೆ ಕುರ್ಚಿ ಹಾಕಿ ಮಾತು ಕೇಳುತ್ತಾರೆ.