ಘಾಟಿ ಇಳಿಯುವ ಮುನ್ನ ಕೇಳಬೇಕಾದ ಸದ್ದು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಹಳೇ ಮಹೀಂದ್ರ ಜೀಪುಗಳು ಇನ್ನೂ ಅಲ್ಲಲ್ಲಿ ಓಡುತ್ತಿವೆ. ಧರ್ಮಸ್ಥಳದ ಸಂಗ್ರಹಾಲಯದಲ್ಲಿ ಸಾಲಾಗಿ ನಿಂತಿರುವ ಹಳೆಯ ಕಾರುಗಳದ್ದು ಇಲ್ಲಿನ ವಿಷಯವಲ್ಲ, ಅವು ಘಾಟಿ ಹತ್ತಿಳಿಯಬೇಕಿಲ್ಲ. ಚಿಂತೆ ಇರುವುದು ಮಳೆಗಾಲದಲ್ಲೂ ಚಾರ್ಮಾಡಿ ಘಾಟಿ ದಾಟುವ ಗಾಡಿಗಳ ಬಗ್ಗೆ. ಅವುಗಳಲ್ಲಿ ಕೆಲವು ಹಿಂದಿನ ಆ್ಯಕ್ಸಲ್‌ನಿಂದ ಗುಂಯ್ ಎನ್ನುತ್ತವೆ. ‘ಹಳೇ ಗಾಡಿ, ಸದ್ದು ಇದ್ದದ್ದೇ’ ಎಂದು ಮಾಲೀಕರು ಸುಮ್ಮನಾಗುತ್ತಾರೆ.

ಆ ಸದ್ದು ಹುಟ್ಟುವುದು ಡಿಫರೆನ್ಶಿಯಲ್‌ನಲ್ಲಿ. ಪ್ರೊಪೆಲ್ಲರ್ ಶಾಫ್ಟಿನ ತುದಿಯ ಚಿಕ್ಕ ಗೇರು ಪಿನಿಯನ್. ಅದು ತಿರುಗಿಸುವ ದೊಡ್ಡ ಗೇರು ಕ್ರೌನ್. ಶಕ್ತಿ ಇಲ್ಲಿ ಮಗ್ಗುಲಿಗೆ ತಿರುಗಿ ಎರಡು ಚಕ್ರಗಳಿಗೂ ಹಂಚಿಹೋಗುತ್ತದೆ. ಪಿನಿಯನ್ನನ್ನು ಕ್ರೌನಿನ ನಡುಗೆರೆಗಿಂತ ಕೆಳಗೆ ಕೂರಿಸುವ ಹೈಪಾಯ್ಡ್ ಜೋಡಣೆಯಲ್ಲಿ ಹಲ್ಲುಗಳು ಉರುಳುವುದಷ್ಟೇ ಅಲ್ಲ, ಒಂದರ ಮೇಲೊಂದು ಜಾರುತ್ತವೆ. ಆ ಒತ್ತಡದಲ್ಲಿ ಸಾಮಾನ್ಯ ಎಣ್ಣೆಯ ಪದರ ಹರಿದುಹೋಗುತ್ತದೆ. ಗಂಧಕ ಮತ್ತು ರಂಜಕದ ಸಂಯುಕ್ತ ಬೆರೆಸಿದ ಗೇರ್ ಆಯಿಲ್ ಮಾತ್ರ ಲೋಹದ ಮೇಲೆ ರಕ್ಷಣೆಯ ಪೊರೆ ಕಟ್ಟಬಲ್ಲದು. ಎಂಜಿನ್ ಆಯಿಲ್ ಸುರಿದು ‘ಆಯಿಲ್ ಇದೆಯಲ್ಲ’ ಎನ್ನುವುದು ಹಲ್ಲುಗಳನ್ನು ಒಣಗಿ ಉಜ್ಜಲು ಬಿಟ್ಟಂತೆಯೇ.

ಹಲ್ಲಿನ ಹೊರಮೈ ಮಾತ್ರ ಗಟ್ಟಿ ಮಾಡಿದ ಉಕ್ಕು, ದಪ್ಪ ಸುಮಾರು 1 ಮಿಲಿಮೀಟರ್. ಒಳಗಿನದು ಮೆದು. ಹೊರಪದರ ಇರುವವರೆಗೆ ಸವೆತ ಬಹಳ ನಿಧಾನ. ಅದು ಸೀಳಿ ಚಕ್ಕೆ ಏಳತೊಡಗಿದ ಮೇಲೆ ವೇಗ ಏರುತ್ತಲೇ ಹೋಗುತ್ತದೆ. ಎದ್ದ ಚಕ್ಕೆಗಳು ಎಣ್ಣೆಯಲ್ಲಿ ಸುತ್ತಿ ಬೇರಿಂಗಿಗೆ ಹೋಗುತ್ತವೆ, ಬೇರಿಂಗ್ ಸಡಿಲವಾದರೆ ಹಲ್ಲುಗಳು ತಪ್ಪು ಜಾಗದಲ್ಲಿ ಕೂಡುತ್ತವೆ, ಆಗ ಇನ್ನಷ್ಟು ಚಕ್ಕೆ. ಇಷ್ಟು ವರ್ಷ ಓಡಿದ್ದು ಇನ್ನೂ ಇಷ್ಟು ವರ್ಷ ಓಡುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯದು.

ಕರಾವಳಿಯ ಮಳೆ ಈ ಲೆಕ್ಕವನ್ನು ಮತ್ತಷ್ಟು ಕೆಡಿಸುತ್ತದೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಓಡಿ ಬಿಸಿಯಾದ ಡಿಫರೆನ್ಶಿಯಲ್ ಕವಚ, ಅಂದರೆ ಹೌಸಿಂಗ್, ತೋಡಿನ ನೀರಿಗೆ ಇಳಿದಾಗ ಒಳಗಿನ ಗಾಳಿ 80 ಡಿಗ್ರಿಯಿಂದ 30 ಡಿಗ್ರಿಗೆ ತಣಿದರೆ ಸುಮಾರು ಏಳನೇ ಒಂದು ಭಾಗದಷ್ಟು ಕುಗ್ಗುತ್ತದೆ. ಆ ಕೊರತೆ ತುಂಬಲು ಬ್ರೀದರ್ ಎಂಬ ಪುಟ್ಟ ಉಸಿರುಗಂಡಿ ಇದೆ. ಅದು ಕೆಸರಿನಿಂದ ಮುಚ್ಚಿದ್ದರೆ ಹೌಸಿಂಗ್ ಹಳೆಯ ಆಯಿಲ್ ಸೀಲಿನ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಕಲ್ಲಡ್ಕದಲ್ಲಿ ಮೇಲ್ಸೇತುವೆ ಕೆಲಸ ನಡೆದ ಮಳೆಗಾಲಗಳಲ್ಲಿ ಓಡಾಡಿದವರಿಗೆ ಆ ಕೆಸರಿನ ಪರಿಚಯ ಬೇಕಿಲ್ಲ.

ಎಷ್ಟು ನೀರು ಸೇರಿದರೆ ಅಪಾಯ? ಎಣ್ಣೆಯಲ್ಲಿನ ನೀರಿಗೂ ಬೇರಿಂಗಿನ ಆಯುಷ್ಯಕ್ಕೂ ಇರುವ ಸಂಬಂಧವನ್ನು ಕ್ಯಾಂಟ್ಲಿ ಎಂಬ ಸಂಶೋಧಕರು 1977ರಲ್ಲಿ ಪ್ರಯೋಗದಿಂದ ಸೂತ್ರಕ್ಕಿಳಿಸಿದರು. ಹತ್ತು ಲಕ್ಷ ಭಾಗ ಎಣ್ಣೆಗೆ ನೂರು ಭಾಗ ನೀರಿದ್ದಾಗಿನ ಆಯುಷ್ಯಕ್ಕೆ ಹೋಲಿಸಿದರೆ, ಸಾವಿರ ಭಾಗ ನೀರಿದ್ದಾಗ ಉಳಿಯುವುದು ಸುಮಾರು ಕಾಲುಪಾಲು. ಒಂದೂಕಾಲು ಲೀಟರ್ ಎಣ್ಣೆ ಹಿಡಿಯುವ ಡಿಫರೆನ್ಶಿಯಲ್‌ನಲ್ಲಿ ಆ ಸಾವಿರ ಭಾಗವೆಂದರೆ ಒಂದೂಕಾಲು ಮಿಲಿಲೀಟರ್, ಅಂದರೆ ಕಾಲು ಟೀ ಚಮಚ.

ಸದ್ದನ್ನು ಓದುವುದು ಕಷ್ಟವಲ್ಲ. ಪಿನಿಯನ್‌ಗೆ 9 ಹಲ್ಲು, ಕ್ರೌನಿಗೆ 41 ಹಲ್ಲು, ಚಕ್ರದ ಸುತ್ತಳತೆ 2 ಮೀಟರ್ ಎಂದಿಟ್ಟುಕೊಳ್ಳಿ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 7 ಸುತ್ತು ಹಾಕುತ್ತದೆ, ಹಲ್ಲುಗಳು ಸೆಕೆಂಡಿಗೆ 285 ಸಲ ಕೂಡುತ್ತವೆ. ಮೊಬೈಲಿನ ಧ್ವನಿ ವಿಶ್ಲೇಷಕ ಆ್ಯಪ್‌ನಲ್ಲಿ 285 ಹರ್ಟ್ಸ್ ಆಸುಪಾಸು ಶಿಖರ ಎದ್ದರೆ, 25 ಕಿ.ಮೀ.ಗೆ ಅದು ಅರ್ಧಕ್ಕಿಳಿದರೆ, ಹಲ್ಲಿನದೇ ಸದ್ದು. ಪ್ರೊಪೆಲ್ಲರ್ ಶಾಫ್ಟಿನ ಕೀಲಾದ ಯು.ಜೆ. ಕ್ರಾಸ್ ಸವೆದಿದ್ದರೆ ಅದೇ 50ರಲ್ಲಿ ನಡುಕ 63 ಹರ್ಟ್ಸ್ ಆಸುಪಾಸು ಕಾಣುತ್ತದೆ, ಗೇರ್ ಹಾಕಿ ಕ್ಲಚ್ ಬಿಡುವಾಗ ‘ಕಟಕ್’ ಎನ್ನುವುದೂ ಹೆಚ್ಚಾಗಿ ಅದೇ. ಸಮತಟ್ಟಾದ ಖಾಲಿ ರಸ್ತೆಯಲ್ಲಿ ನ್ಯೂಟ್ರಲ್‌ಗೆ ಹಾಕಿದಾಗಲೂ ಸದ್ದು ಮುಂದುವರಿದರೆ ಅದು ಎಂಜಿನ್ನಿನದಲ್ಲ. ತಿರುವಿನಲ್ಲಿ ಮಾತ್ರ ಕೇಳಿದರೆ ಡಿಫರೆನ್ಶಿಯಲ್ ಒಳಗಿನ ಸಣ್ಣ ಗೇರುಗಳದ್ದು, ಇಲ್ಲವೇ ಚಕ್ರದ ಬೇರಿಂಗಿನದು. ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಜೀಪಿನಲ್ಲಿ ಅದನ್ನು ಹಂಚುವ ಟ್ರಾನ್ಸ್‌ಫರ್ ಕೇಸ್ ಕೂಡ ಗುಂಯ್‌ಗುಡುವುದರಿಂದ ಗೊಂದಲವಾಗಬಹುದು.

ಇಲ್ಲಿ ಎರಡು ಗುಂಯ್‌ಗಳ ನಡುವೆ ವ್ಯತ್ಯಾಸ ತಿಳಿಯಬೇಕು. ಆಕ್ಸಿಲರೇಟರ್ ಒತ್ತಿದಾಗ ಕೇಳುವುದು ಹಲ್ಲಿನ ಎಳೆಯುವ ಮುಖದ್ದು. ಕಾಲು ತೆಗೆದಾಗ ಕೇಳುವುದು ತಡೆಯುವ ಮುಖದ್ದು, ಪಿನಿಯನ್ ಬೇರಿಂಗ್ ಸಡಿಲವಾಗಿರುವ ಸೂಚನೆಯೂ ಆಗಿರಬಹುದು. ಬಯಲಿನ ಓಟದಲ್ಲಿ ಈ ಎರಡನೆಯ ಮುಖಕ್ಕೆ ಕೆಲಸ ಕಡಿಮೆ. ಚಾರ್ಮಾಡಿ ಇಳಿಯುವಾಗ ಸೆಕೆಂಡ್ ಗೇರಿನಲ್ಲಿ ಎಂಜಿನ್ ತಡೆ ಕೊಡುವಷ್ಟು ಹೊತ್ತೂ ಭಾರ ಅದರ ಮೇಲೆಯೇ ಬೀಳುತ್ತದೆ. ಆಗ ಪಿನಿಯನ್ ಕ್ರೌನಿನ ಕಡೆಗೆ ಎಳೆಯಲ್ಪಡುತ್ತದೆ. ಬೇರಿಂಗ್ ಸಡಿಲವಿದ್ದರೆ ಇನ್ನಷ್ಟು ಒಳಕ್ಕೆ ಸರಿದು ಸಿಕ್ಕಿಕೊಳ್ಳಬಹುದು, ಹಲ್ಲು ಮುರಿಯಬಹುದು. ಮುರಿದರೆ ಎಂಜಿನ್ನಿನ ತಡೆ ಚಕ್ರಕ್ಕೆ ತಲುಪುವುದಿಲ್ಲ, ಉಳಿದದ್ದು ಬ್ರೇಕು ಮಾತ್ರ. ಬ್ರೀದರ್ ಮುಚ್ಚಿದ ಹೌಸಿಂಗ್ ಬಿಸಿಯಾದಾಗ ಒಳಗಿನ ಒತ್ತಡ ಎಣ್ಣೆಯನ್ನು ಆ್ಯಕ್ಸಲ್ ಶಾಫ್ಟಿನ ಉದ್ದಕ್ಕೂ ತಳ್ಳಿ ಹಿಂದಿನ ಬ್ರೇಕ್ ಲೈನಿಂಗಿಗೆ ಬಿಡುತ್ತದೆ. ಮುಚ್ಚಿದ ಬ್ರೀದರ್ ಎಂಬ ಒಂದೇ ಕಾರಣ, ಎರಡು ಸೋಲು, ಎರಡೂ ಒಂದೇ ಇಳಿಜಾರಿನಲ್ಲಿ.

ಸದ್ದು ಅಡಗಿಸಲು 140 ದರ್ಜೆಯ ದಪ್ಪ ಎಣ್ಣೆ ಹಾಕುವ ಪದ್ಧತಿ ಇದೆ. ಮಾರಾಟಕ್ಕೆ ಮುನ್ನ ಮರದ ಹೊಟ್ಟು ಸುರಿದವರ ಕತೆಯೂ ಇದೆ. ಸದ್ದು ತಗ್ಗುತ್ತದೆ, ಸವೆತ ನಿಲ್ಲುವುದಿಲ್ಲ. ಅಪಾಯವನ್ನು ಹೇಳುತ್ತಿದ್ದ ಒಂದೇ ಬಾಯಿ ಮುಚ್ಚಿಹೋಗುತ್ತದೆ.

ಒಳ್ಳೆಯ ಮೇಸ್ತ್ರಿ ಮೊದಲು ಫಿಲ್ಲರ್ ಪ್ಲಗ್ ಬಿಚ್ಚಿ ಕಿರುಬೆರಳು ತೂರಿಸಿ ಎಣ್ಣೆ ತೆಗೆಯುತ್ತಾರೆ, ಬೆರಳಲ್ಲಿ ಉಜ್ಜಿ ಬಿಸಿಲಿಗೆ ಹಿಡಿಯುತ್ತಾರೆ. ಬೆಳ್ಳಿಯಂತೆ ಮಿನುಗಿದರೆ ಲೋಹ, ಬೆಳ್ಳಗೆ ಕದಡಿದ್ದರೆ ನೀರು. ಡಯಲ್ ಗೇಜ್ ಇಟ್ಟು ಕ್ರೌನ್ ಹಿಂದೆಮುಂದೆ ಎಷ್ಟು ಅಲುಗುತ್ತದೆ ನೋಡಿದರೆ ಸಾಮಾನ್ಯವಾಗಿ 0.1ರಿಂದ 0.2 ಮಿ.ಮೀ. ಇರಬೇಕು.

ಕೆಟ್ಟ ಮೇಲೆ ಬದಲಿಸೋಣ ಎನ್ನುವ ಕಾಲವೂ ಮುಗಿಯುತ್ತಿದೆ. ಪದ್ಮಿನಿಯ ತಯಾರಿಕೆ ನಿಂತು ಕಾಲು ಶತಮಾನವೇ ಆಯಿತು, ಅಂಬಾಸಿಡರ್ 2014ರಲ್ಲಿ ನಿಂತಿತು. ಕ್ರೌನ್ ಮತ್ತು ಪಿನಿಯನ್ ಒಟ್ಟಿಗೇ ಉಜ್ಜಿ ಹೊಂದಿಸಿದ ಜೋಡಿ. ಗುಜರಿಯಿಂದ ಒಂದನ್ನು ಮಾತ್ರ ತಂದು ಹಾಕಿದರೆ ಹೊಸ ಸದ್ದು ಶುರುವಾಗುತ್ತದೆ.

ಹೀಗಾಗಿ ಡಿಫರೆನ್ಶಿಯಲ್ ಎಣ್ಣೆಯನ್ನು ಕಿಲೋಮೀಟರ್ ಲೆಕ್ಕಕ್ಕಲ್ಲ, ಹಂಗಾಮಿನ ಲೆಕ್ಕಕ್ಕೆ ಬದಲಿಸಬೇಕು: ಮಳೆ ಬಿಟ್ಟ ಮೇಲೆ ಅಕ್ಟೋಬರಿನಲ್ಲಿ ಒಮ್ಮೆ. ಮೇ ತಿಂಗಳಲ್ಲಿ ಬ್ರೀದರ್ ಮತ್ತು ಸೀಲು ನೋಡಿಸಬೇಕು. ಕಾಲು ತೆಗೆದಾಗ ಗುಂಯ್ ಎನ್ನುವ ಗಾಡಿಯನ್ನು ಹೌಸಿಂಗ್ ಬಿಚ್ಚಿ ನೋಡುವವರೆಗೆ ಬೆಳ್ತಂಗಡಿ ಪೇಟೆಗೋ ಉಜಿರೆಗೋ ನಿಧಾನವಾಗಿ ಒಯ್ಯಬಹುದು. ಘಾಟಿಯ ಮೇಲಿನ ಕೊಟ್ಟಿಗೆಹಾರದಿಂದ ಕೆಳಗಿಳಿಸುವುದು ಬೇಡ.