ತಗ್ಗಿದ ಕಾರು, ತಗ್ಗದ ಹಂಪು!

ಮೊನ್ನೆ ಶನಿವಾರ ಸಂಜೆ ಆರು ಗಂಟೆ ಸುಮಾರಿಗೆ ಬಸ್ ಸ್ಟ್ಯಾಂಡ್ ಎದುರಿನ ಹಂಪಿನ ಮೇಲೆ ಒಂದು ಕೆಂಪು ಕಾರು ಕೂತುಬಿಟ್ಟಿತು. ಕೆಟ್ಟು ನಿಂತದ್ದಲ್ಲ, ಪೆಟ್ರೋಲು ಮುಗಿದದ್ದೂ ಅಲ್ಲ. ಹೊಟ್ಟೆ ಹಂಪಿಗೆ ತಾಗಿ, ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ. ಕೆಸರಿಗೆ ಬಿದ್ದ ಎಮ್ಮೆಯ ಹಾಗೆ ಕೂತೇ ಇತ್ತು! ಹಿಂದೆ ಎರಡು ಬಸ್ಸು, ಆರೇಳು ಆಟೋ, ಹಾರನ್ನಿನ ಮೇಳ. ಕೊನೆಗೆ ಬಾಳೆಹಣ್ಣಿನ ಗಾಡಿಯವರು, ಆಟೋದವರು, ಬಸ್ಸು ಕಾಯುತ್ತಿದ್ದ ನಾಲ್ಕು ಜನ ಸೇರಿ ಹಿಂಬದಿ ಎತ್ತಿ ಹಿಡಿದು ಆಚೆಗೆ ತಳ್ಳಿದರು. ನಾನೂ ಒಂದು ಕೈ ಹಾಕಿದೆ.

"ಲಕ್ಷಗಟ್ಟಲೆ ಕೊಟ್ಟು ಕಾರು ತಗೊಂಡು ಜನರ ಕೈಲಿ ಹೊರಿಸ್ಕೋತಾನಲ್ಲಪ್ಪಾ!" ಅಂದರು ಬೀಡಾ ಅಂಗಡಿ ಯಜಮಾನರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆಮೇಲೆ ಗ್ಯಾರೇಜಿನಲ್ಲಿ ಕಂಡದ್ದು ನೋಡಿ ನಗು ಬಾಯಲ್ಲೇ ಒಣಗಿತು. ಅದನ್ನು ಹೇಳಲಿಕ್ಕೇ ಈ ಬರಹ.

ಎರಡು ಸುತ್ತು ಕತ್ತರಿ

ಹುಡುಗನಿಗೆ ಇಪ್ಪತ್ತಮೂರು ಇದ್ದೀತು. ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡಿಗೆ ಕೊಂಡ ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಮೊದಲೇ ಗಿಡ್ಡ. ಅದು ಇನ್ನೂ ನೆಲಕ್ಕೆ ಅಂಟಿಕೊಂಡ ಹಾಗೆ ಕಾಣಬೇಕು, ತಿರುವಿನಲ್ಲಿ ವಾಲದೆ ಓಡಬೇಕು ಅನ್ನುವ ಆಸೆ. ಅದಕ್ಕೆ ಸರಿಯಾದ ಸಾಮಾನಿನ ರೇಟು ಕೇಳಿ ಹೌಹಾರಿ, ಯಾವುದೋ ಶೆಡ್ಡಿಗೆ ಹೋಗಿ ನಾಲ್ಕೂ ಸ್ಪ್ರಿಂಗಿನಲ್ಲಿ ಎರಡೆರಡು ಸುತ್ತು ಗ್ಯಾಸ್ ಕಟರಿನಿಂದ ಕತ್ತರಿಸಿಕೊಂಡು ಬಂದಿದ್ದ. ಅರ್ಧ ದಿನದ ಕೆಲಸ, ಎರಡು ಇಂಚು ಇಳಿಕೆ. ಬಲು ಅಗ್ಗ!

ಅವನನ್ನು ನಮ್ಮ ಮೇಸ್ತ್ರಿ ಹತ್ತಿರ ಕರೆದುಕೊಂಡು ಹೋದೆ. ನಲವತ್ತು ವರ್ಷ ಅಂಬಾಸಡರ್, ಫಿಯೆಟ್ಟುಗಳ ಅಡಿಯಲ್ಲೇ ಮಲಗಿ ಎದ್ದವರು. ಕಾರಿನ ಅಡಿಗೆ ಜಾಕಿ ಕೊಟ್ಟು ಮುಂದಿನ ಚಕ್ರ ನೇತಾಡುವಂತೆ ಎತ್ತಿದರು. ಸ್ಪ್ರಿಂಗಿಗೆ ಕೈ ಹಾಕಿ ಅಲ್ಲಾಡಿಸಿದರು. ಕಟಕಟ ಕಟಕಟ! ಗಿಲಕಿಯ ಹಾಗೆ ಸದ್ದು.

"ನೋಡಿದ್ಯಾ ಮರಿ? ಇದು ಬಿಗಿಯಾಗಿ ಕೂತಿರಬೇಕಾದ ಜಾಗ. ಉದ್ದ ಕಮ್ಮಿಯಾಯ್ತು. ಚಕ್ರ ಗಾಳಿಗೆ ಎದ್ದಾಗ ಸ್ಪ್ರಿಂಗು ಕೂತ ಜಾಗ ಬಿಡ್ತದೆ. ಇಳಿವಾಗ ಸೊಟ್ಟ ಕೂತರೆ ಗಾಡಿ ಯಾವ ಕಡೆ ಎಳೀತದೆ ಅಂತ ದೇವರೇ ಹೇಳಬೇಕು. ನಾಳೆ ಎಲ್ಲಿಗೆ ಹೊರಟಿದ್ದೆ?"

ಹುಡುಗ ತಲೆ ತಗ್ಗಿಸಿದ. "ಧರ್ಮಸ್ಥಳಕ್ಕೆ ಮೇಸ್ತ್ರಿ... ಚಾರ್ಮಾಡಿ ಇಳಿದು. ಅಮ್ಮನ್ನ ಕರ್ಕೊಂಡು."

ಗ್ಯಾರೇಜಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ತಗ್ಗಿದರೆ ಲಾಭವೇನು?

ತಗ್ಗಿಸುವುದೇ ತಪ್ಪೇ? ಅಲ್ಲ. ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ಇದು ಗೊತ್ತಿರುವ ಸಂಗತಿಯೇ. ತಿರುವು ಬಂದಾಗ ನಿಂತವರು ತೂರಾಡುತ್ತಾರೆ, ಕೆಳಗೆ ಮೂಟೆಯ ಮೇಲೆ ಕೂತ ಅಜ್ಜಿ ಅಲುಗುವುದಿಲ್ಲ. ಹುಲ್ಲು ಎತ್ತರಕ್ಕೆ ಹೇರಿದ ಗಾಡಿ ಮಗುಚುತ್ತದೆ, ಕಲ್ಲು ಹೇರಿದ ಗಾಡಿ ಮಗುಚುವುದಿಲ್ಲ. ಭಾರ ಕೆಳಗಿದ್ದಷ್ಟೂ ಭದ್ರ.

ಆದರೆ ಎಷ್ಟು ಭದ್ರ? ಪಿ.ಯು.ಸಿ. ಅರ್ಧಕ್ಕೇ ಬಿಟ್ಟ ನನಗೂ ಅರ್ಥವಾದ ಲೆಕ್ಕ ಇದು. 1,200 ಕಿಲೋ ತೂಕದ ಕಾರು ಎಂದಿಟ್ಟುಕೊಳ್ಳಿ. ಎಡ ಬಲ ಚಕ್ರಗಳ ನಡುವೆ ಒಂದೂವರೆ ಮೀಟರು. ಕಾರಿನ ಭಾರದ ಕೇಂದ್ರ ನೆಲದಿಂದ 50 ಸೆಂಟಿಮೀಟರು ಎತ್ತರ. ಬಹಳ ಜೋರಾಗಿ, ಅಂದರೆ ತನ್ನ ತೂಕದ ಹತ್ತರಲ್ಲಿ ಎಂಟು ಪಾಲಿನಷ್ಟು ಬಲ ಪಕ್ಕಕ್ಕೆ ಎಳೆಯುವ ಹಾಗೆ ತಿರುಗಿಸಿದರೆ, ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಸುಮಾರು 320 ಕಿಲೋ ಭಾರ ಜಾರುತ್ತದೆ. ಅದೇ ಕಾರನ್ನು 3 ಸೆಂಟಿಮೀಟರು ತಗ್ಗಿಸಿದರೆ ಜಾರುವುದು 301 ಕಿಲೋ. ಉಳಿದದ್ದು 19 ಕಿಲೋ. ಅಂಗಡಿಯವರೇ, ನಿಮ್ಮ 25 ಕಿಲೋ ಅಕ್ಕಿ ಚೀಲಕ್ಕೂ ಕಡಿಮೆ!

ಹಾಗಾದರೆ ರೇಸಿನ ಕಾರುಗಳು ಅಷ್ಟು ಚೆನ್ನಾಗಿ ತಿರುಗುವುದು ಹೇಗೆ? ಬರೀ ಗಿಡ್ಡವಾದ್ದರಿಂದ ಅಲ್ಲ. ಸ್ಪ್ರಿಂಗು, ಶಾಕಪ್, ಟೈರು, ಚಕ್ರದ ಓರೆ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಿರುವುದರಿಂದ.

ಸ್ಪ್ರಿಂಗಿಗೆ ತಕ್ಕ ಶಾಕಪ್

ಸ್ಪ್ರಿಂಗಿನ ಕೆಲಸ ಭಾರ ಹೊರುವುದು. ಹೊಂಡಕ್ಕೆ ಬಿದ್ದು ಎದ್ದ ಸ್ಪ್ರಿಂಗು ಉಯ್ಯಾಲೆಯ ಹಾಗೆ ಕುಣಿಯುತ್ತಲೇ ಇರದಂತೆ ಹಿಡಿದು ನಿಲ್ಲಿಸುವುದು ಶಾಕಪ್ಪಿನ, ಅಂದರೆ ಶಾಕ್ ಅಬ್ಸಾರ್ಬರಿನ ಕೆಲಸ. ಎಂಟು ಸುತ್ತಿನ ಸ್ಪ್ರಿಂಗಿನಲ್ಲಿ ಎರಡು ಸುತ್ತು ತೆಗೆದರೆ ಅದು ಮೂರನೇ ಒಂದು ಪಾಲು ಹೆಚ್ಚು ಗಡುಸಾಗುತ್ತದೆ. ಶಾಕಪ್ ಮಾತ್ರ ಹಳೆಯದೇ. ಹಸುವಿಗೆ ಕಟ್ಟಿದ ಹಗ್ಗದಲ್ಲಿ ಹೋರಿ ಹಿಡಿದ ಹಾಗೆ! ಮೇಲಾಗಿ ಗ್ಯಾಸಿನ ಬೆಂಕಿ ತಗುಲಿದ ಕಡೆ ಉಕ್ಕಿನ ಹದ ಕೆಡುತ್ತದೆ. ಹದ ಕೆಟ್ಟ ಉಕ್ಕು ಯಾವ ದಿನ ಮುರಿಯುತ್ತದೋ ಹೇಳಿ ಬರುವುದಿಲ್ಲ.

ಇನ್ನೊಂದು ವಿಚಿತ್ರ ಮೇಸ್ತ್ರಿ ತೋರಿಸಿದರು. ಈಗಿನ ಬಹುಪಾಲು ಕಾರುಗಳ ಮುಂದಿನ ಚಕ್ರಕ್ಕೆ ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಏರ್ಪಾಡು. ಅದನ್ನು ಅತಿಯಾಗಿ ತಗ್ಗಿಸಿದರೆ ಅಡಿಯ ತೋಳು ಚಕ್ರದ ಕಡೆಗೆ ಮೇಲ್ಮುಖವಾಗುತ್ತದೆ. ಆಗ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಭಾರದ ಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರ ಹೆಚ್ಚಿದಷ್ಟೂ ವಾಲಿಸುವ ಬಲ ಹೆಚ್ಚು. ಅಂದರೆ ವಾಲಬಾರದೆಂದು ತಗ್ಗಿಸಿದ್ದೇ ವಾಲಲಿಕ್ಕೆ ದಾರಿ!

ಸರಿಯಾದ ದಾರಿ ಏನೆಂದು ಕೇಳಿದೆ. "25, 30 ಮಿಲಿಮೀಟರು ಸಾಕು ಸ್ವಾಮಿ. ಸ್ಪ್ರಿಂಗು ಶಾಕಪ್ಪು ಜೋಡಿಯಾಗಿ ತಯಾರಾದ ಸೆಟ್ಟೇ ಹಾಕಬೇಕು. ದುಡ್ಡಿದ್ದರೆ ಕಾಯಿಲ್‌ಓವರ್ ಅಂತ ಬರ್ತದೆ, ಮೈಮೇಲೆ ಮರೆ ಇರ್ತದೆ, ತಿರುಗಿಸಿ ಎತ್ತರ ಇಳಿಸಬಹುದು, ಏರಿಸಬಹುದು. ಸವೆದ ಬುಷ್ಷು ಬದಲಿಸಿ, ಕೊನೇಲಿ ಅಲೈನ್‌ಮೆಂಟ್ ಮಾಡಲೇಬೇಕು. ಇಲ್ಲಾಂದ್ರೆ ಟೈರು ಒಳಗಡೆಯಿಂದ ತಿಂದು ಹೋಗ್ತದೆ, ಹೊರಗಡೆ ನೋಡಿದ್ರೆ ಹೊಸದರ ಹಾಗೇ ಕಾಣ್ತದೆ."

ಕಾನೂನು ಏನನ್ನುತ್ತದೆ?

1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವಂತೆ ಮಾಲೀಕ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಕಾಯಿದೆ ಒಪ್ಪದ ಪ್ರತಿಯೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದಾಯಿತು. "ಸ್ಪ್ರಿಂಗಿನ ಎತ್ತರ ಆರ್.ಸಿ.ಯಲ್ಲಿ ಬರೆದಿಲ್ಲವಲ್ಲ" ಎಂದು ವಾದಿಸುವವರಿದ್ದಾರೆ. ವಾದ ಇರಲಿ, ಅಪಘಾತವಾದ ದಿನ ವಿಮೆಯವರು ಆ ಕತ್ತರಿಸಿದ ಸ್ಪ್ರಿಂಗನ್ನೇ ಮುಂದಿಟ್ಟು ಕೂತರೆ ಏನು ಮಾಡುತ್ತೀರಿ? ವೇಗದ ಹುಚ್ಚಿದ್ದವರಿಗೆ ಚೆನ್ನೈ ಹತ್ತಿರ ಇರುಂಗಾಟ್ಟುಕೋಟ್ಟೈ ಇದೆ, ಕೊಯಮತ್ತೂರಿನಲ್ಲಿ ಕಾರಿ ಟ್ರ್ಯಾಕ್ ಇದೆ. ಅಲ್ಲಿ ಹಂಪೂ ಇಲ್ಲ, ಎದುರು ಬಸ್ಸೂ ಇಲ್ಲ.

ಇನ್ನು ಹಂಪಿನ ಸರದಿ

ಹುಡುಗನಿಗೆ ಬೈದಾಯಿತು. ಹಂಪಿಗೆ ಬೈಯುವವರು ಯಾರು? ಭಾನುವಾರ ಬೆಳಿಗ್ಗೆ ಟೇಪು ಹಿಡಿದು ನಾನೇ ಅಳೆದೆ. ಅಗಲ ಎರಡು ಅಡಿ, ಎತ್ತರ ಐದು ಇಂಚು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಹಾಕಿಕೊಟ್ಟ ಅಳತೆ ಏನು ಗೊತ್ತೇ? ಅಗಲ 3.7 ಮೀಟರು, ಅಂದರೆ ಹನ್ನೆರಡು ಅಡಿ! ಎತ್ತರ 10 ಸೆಂಟಿಮೀಟರು, ನಾಲ್ಕೇ ಇಂಚು. ಗಂಟೆಗೆ 25 ಕಿಲೋಮೀಟರಿನಲ್ಲಿ ಮೆಲ್ಲಗೆ ಏರಿ ಇಳಿಯಲಿ ಅಂತ ಆ ಲೆಕ್ಕ. ನಮ್ಮದು ಹಂಪಲ್ಲ, ಗದ್ದೆಯ ಬದು! ಬಳಿದ ಪಟ್ಟೆಯೂ ಇಲ್ಲ, ಮುಂಚೆ ಫಲಕವೂ ಇಲ್ಲ. ಬಸ್ಸಿನ ಹಿಂದಿನ ಸೀಟಿನವರ ಸೊಂಟ ಇದಕ್ಕೆ ಸಾಕ್ಷಿ. ಗರ್ಭಿಣಿಯರನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ಯುವವರನ್ನು ಕೇಳಿ ನೋಡಿ.

ಆದರೂ ಒಂದು ಮಾತು ಒಪ್ಪಲೇಬೇಕು. ಆ ಅಡ್ಡಾದಿಡ್ಡಿ ಹಂಪು ಶನಿವಾರ ಸಂಜೆ ಹುಡುಗನನ್ನು ತಡೆಯದಿದ್ದರೆ ಭಾನುವಾರ ಬೆಳಿಗ್ಗೆ ಚಾರ್ಮಾಡಿಯ ತಿರುವು ತಡೆಯುತ್ತಿತ್ತು. ಅಲ್ಲಿ ಎತ್ತಿ ದಾಟಿಸಲು ಬಾಳೆಹಣ್ಣಿನ ಗಾಡಿಯವರು ಇರುವುದಿಲ್ಲ.

ತಾಯಿ ಮಗ ಭಾನುವಾರ ಬಸ್ಸಿನಲ್ಲೇ ಧರ್ಮಸ್ಥಳಕ್ಕೆ ಹೋಗಿಬಂದರಂತೆ. ಕಾರು ಮೇಸ್ತ್ರಿಯ ಗ್ಯಾರೇಜಿನಲ್ಲಿ ಜಾಕಿಯ ಮೇಲೆ ನಿಂತು ಕಂಪನಿ ಸ್ಪ್ರಿಂಗಿಗೆ ಕಾಯುತ್ತಿದೆ. ಹಂಪು ಮಾತ್ರ ಇದ್ದಲ್ಲೇ ಇದೆ. ಹುಡುಗ ತಪ್ಪು ತಿದ್ದಿಕೊಂಡ. ಸಂಬಂಧಪಟ್ಟವರು ಯಾವಾಗ?